ಮನೋಆರೋಗ್ಯ ಶುಶ್ರೂಷೆಯ ಪರೀಕ್ಷೆ: ವಿದ್ಯಾರ್ಥಿಗಳ ಪ್ರಶ್ನೆಗಳಿಗೆ ಅಧ್ಯಾಪಕಿಯ ಉತ್ತರಗಳು

ಪ್ರಶ್ನೆ: ಮೇಡಂ, ನಮಸ್ಕಾರ. ಮೆಡಿಕಲ್ ಸರ್ಜಿಕಲ್ ಮತ್ತು ಮಕ್ಕಳ ಶುಶ್ರೂಷೆಯ ಪತ್ರಿಕೆಗಳಲ್ಲಿ ನನಗೆ ಒಳ್ಳೆಯ ಅಂಕಗಳು ಬರುತ್ತವೆ. ಆದರೆ ಮನೋಆರೋಗ್ಯದ ಬಹು ಆಯ್ಕೆಯ ಪ್ರಶ್ನೆಗಳನ್ನು ತೆಗೆದುಕೊಂಡರೆ ನಾಲ್ಕೂ ಆಯ್ಕೆಗಳು ಸರಿಯೆಂದೇ ತೋರುತ್ತವೆ. ಪಾಠವನ್ನು ಎಷ್ಟು ಸಲ ಓದಿದರೂ ಇದು ಬಗೆಹರಿಯುತ್ತಿಲ್ಲ. ಏನು ಮಾಡಲಿ?

ಉತ್ತರ: ನಮಸ್ಕಾರ. ನಾಲ್ಕೂ ಆಯ್ಕೆಗಳು ಸರಿಯೆಂದು ತೋರುವುದಕ್ಕೆ ಕಾರಣವಿದೆ. ಅವುಗಳಲ್ಲಿ ಹೆಚ್ಚಿನವು ಯಾವುದೋ ಒಂದು ಹಂತದಲ್ಲಿ ನರ್ಸ್ ಮಾಡಬೇಕಾದ ಕೆಲಸಗಳೇ ಆಗಿರುತ್ತವೆ. ಈ ರೋಗಿಗೆ, ಈ ಕ್ಷಣದಲ್ಲಿ, ಮೊದಲು ಯಾವುದು ಎಂಬುದನ್ನು ಪ್ರಶ್ನೆ ಕೇಳುತ್ತಿರುತ್ತದೆ. ಕಾಯಿಲೆಯ ಲಕ್ಷಣಗಳನ್ನು ಬಾಯಿಪಾಠ ಮಾಡಿದವರು ಆ ‘ಮೊದಲು’ ಎಂಬ ಮಾತಿನ ಮುಂದೆ ತಡವರಿಸುತ್ತಾರೆ. ಒಂದು ಮಾದರಿ ಪ್ರಶ್ನೆಯನ್ನು ಬಿಡಿಸಿ ತೋರಿಸುತ್ತೇನೆ.

ಖಿನ್ನತೆಯಿಂದ ದಾಖಲಾದ ರೋಗಿಯೊಬ್ಬರು ಎರಡು ವಾರಗಳಿಂದ ಎಸ್‌ಎಸ್‌ಆರ್‌ಐ ಗುಂಪಿನ ಖಿನ್ನತೆ ನಿವಾರಕ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ನಿನ್ನೆಯವರೆಗೆ ಹಾಸಿಗೆ ಬಿಟ್ಟು ಏಳದಿದ್ದವರು ಇಂದು ಬೆಳಿಗ್ಗೆ ತಾವಾಗಿಯೇ ಸ್ನಾನ ಮಾಡಿ, ಎಲ್ಲರೊಂದಿಗೆ ನಗುತ್ತಾ ಮಾತನಾಡಿ, ತಮ್ಮ ಕೈಗಡಿಯಾರವನ್ನು ಪಕ್ಕದ ಹಾಸಿಗೆಯವರಿಗೆ ಕೊಟ್ಟಿದ್ದಾರೆ. ನರ್ಸ್ ಮೊದಲು ಏನು ಮಾಡಬೇಕು? ಸುಧಾರಣೆಯನ್ನು ಮೆಚ್ಚಿ ಗುಂಪು ಚಟುವಟಿಕೆಗೆ ಕರೆಯಬೇಕೇ, ಔಷಧ ಫಲ ಕೊಡುತ್ತಿದೆ ಎಂದು ದಾಖಲಿಸಬೇಕೇ, ಆತ್ಮಹತ್ಯೆಯ ಆಲೋಚನೆ ಇದೆಯೇ ಎಂದು ರೋಗಿಯನ್ನೇ ಕೇಳಬೇಕೇ, ವೈದ್ಯರಿಗೆ ತಿಳಿಸಬೇಕೇ?

ಇಲ್ಲಿ ಕೈಗಡಿಯಾರದ ವಿವರವನ್ನು ಗಮನಿಸದೆ ಬಿಟ್ಟವರು ಮೊದಲ ಅಥವಾ ಎರಡನೆಯ ಆಯ್ಕೆಗೆ ಹೋಗುತ್ತಾರೆ. ಈ ಗುಂಪಿನ ಔಷಧಗಳು ಪೂರ್ಣ ಪರಿಣಾಮ ತೋರಲು ಹಲವು ವಾರಗಳು ಬೇಕು; ಮನಸ್ಸಿನ ನಿರಾಶೆ ಕರಗುವ ಮುನ್ನವೇ ದೇಹಕ್ಕೆ ಚೈತನ್ಯ ಮರಳಬಹುದು. ಆಲೋಚನೆ ಹಾಗೆಯೇ ಉಳಿದು, ಅದನ್ನು ಕಾರ್ಯಕ್ಕೆ ತರುವ ಶಕ್ತಿ ಮಾತ್ರ ಬಂದಿರುವ ಆ ನಡುವಿನ ದಿನಗಳು ಅಪಾಯದ ದಿನಗಳು. ಇದ್ದಕ್ಕಿದ್ದಂತೆ ಬಂದ ಶಾಂತಿ, ಪ್ರಿಯವಾದ ವಸ್ತುವನ್ನು ಕೊಟ್ಟುಬಿಡುವುದು, ಇವು ಒಂದು ನಿರ್ಧಾರ ಆಗಿಹೋಗಿರಬಹುದು ಎಂಬುದರ ಸೂಚನೆಗಳು. ಆದ್ದರಿಂದ ಮೂರನೆಯ ಆಯ್ಕೆಯೇ ಸರಿ. ವೈದ್ಯರಿಗೆ ತಿಳಿಸುವುದು ತಪ್ಪಲ್ಲ, ಆದರೆ ರೋಗಿಯನ್ನು ಮಾತನಾಡಿಸದೆ ಹೋದರೆ ವೈದ್ಯರಿಗೆ ಹೇಳಲು ನಿಮ್ಮ ಬಳಿ ಏನಿರುತ್ತದೆ? ಮೊದಲು ಅಂದಾಜಿಸುವುದು, ಆಮೇಲೆ ವರದಿ.

ಇದೇ ಪ್ರಶ್ನೆಯಲ್ಲಿ ರೋಗಿಯು ‘ನಾನು ಬದುಕಿರುವುದಿಲ್ಲ, ಹೇಗೆ ಎಂಬುದನ್ನೂ ಯೋಚಿಸಿಟ್ಟಿದ್ದೇನೆ’ ಎಂದು ಆಗಲೇ ಹೇಳಿಬಿಟ್ಟಿದ್ದರೆ ಉತ್ತರ ಬದಲಾಗುತ್ತದೆ. ಅಪಾಯವಿದೆ ಎಂಬುದು ಅಲ್ಲಿ ಸ್ಪಷ್ಟವಾಗಿರುವುದರಿಂದ ಅವರನ್ನು ಒಂಟಿಯಾಗಿ ಬಿಡದೆ ಸದಾ ಒಬ್ಬರು ಜೊತೆಗಿರುವಂತೆ ಮಾಡುವುದು, ಹಾನಿ ಮಾಡಿಕೊಳ್ಳಬಹುದಾದ ವಸ್ತುಗಳನ್ನು ತೆಗೆಯುವುದು ಮೊದಲ ಕೆಲಸವಾಗುತ್ತದೆ. ಪ್ರಶ್ನೆಯಲ್ಲಿ ಮಾಹಿತಿ ಅರ್ಧವಿದೆಯೋ ಪೂರ್ತಿ ಇದೆಯೋ ಎಂದು ನೋಡಿದರೆ, ಕೇಳಬೇಕೋ ಕ್ರಮ ಕೈಗೊಳ್ಳಬೇಕೋ ಎಂಬುದು ತಿಳಿಯುತ್ತದೆ. ಪಾಠವನ್ನು ಇನ್ನೊಂದು ಸಲ ಓದುವುದಕ್ಕಿಂತ ಈ ಅಭ್ಯಾಸವೇ ನಿಮಗೆ ಹೆಚ್ಚು ನೆರವಾಗುತ್ತದೆ ಎಂದು ನನ್ನ ಅಭಿಪ್ರಾಯ.

ಅದೇ ವಿದ್ಯಾರ್ಥಿನಿಯ ಮರುಪ್ರಶ್ನೆ: ಧನ್ಯವಾದ ಮೇಡಂ. ಆದರೆ ಆತ್ಮಹತ್ಯೆಯ ಬಗ್ಗೆ ಅಷ್ಟು ನೇರವಾಗಿ ಕೇಳಿದರೆ ಇಲ್ಲದ ಆಲೋಚನೆಯನ್ನು ನಾವೇ ತಲೆಗೆ ಹಾಕಿದಂತಾಗುವುದಿಲ್ಲವೇ?

ಉತ್ತರ: ಆಗುವುದಿಲ್ಲ. ಇದು ಬಹಳ ಜನರಲ್ಲಿರುವ ತಪ್ಪು ತಿಳುವಳಿಕೆ, ಮತ್ತು ಪರೀಕ್ಷೆಯಲ್ಲಿ ಇದನ್ನೇ ತಪ್ಪು ಆಯ್ಕೆಯಾಗಿ ಇಡುತ್ತಾರೆ. ಕೇಳುವುದರಿಂದ ಆಲೋಚನೆ ಹುಟ್ಟುವುದಿಲ್ಲ. ಯಾರಿಗೂ ಹೇಳಲಾಗದೆ ಹೊತ್ತುಕೊಂಡಿದ್ದವರಿಗೆ ಹೇಳಲು ಅವಕಾಶ ಸಿಗುತ್ತದೆ. ‘ನಿಮಗೆ ನೀವೇ ಹಾನಿ ಮಾಡಿಕೊಳ್ಳಬೇಕು, ಜೀವ ಕಳೆದುಕೊಳ್ಳಬೇಕು ಎಂದು ಅನ್ನಿಸುತ್ತಿದೆಯೇ?’ ಎಂದು ಸ್ಪಷ್ಟ ಮಾತಿನಲ್ಲಿ ಕೇಳಬೇಕು. ಹೌದೆಂದರೆ ಯೋಜನೆ ಇದೆಯೇ, ಅದಕ್ಕೆ ಬೇಕಾದ ವಸ್ತು ಕೈಗೆ ಸಿಗುವಂತಿದೆಯೇ, ಹಿಂದೆ ಪ್ರಯತ್ನಿಸಿದ್ದರೇ ಎಂದು ಕೇಳುತ್ತಾ ಹೋಗಬೇಕು. ‘ಇದನ್ನು ಯಾರಿಗೂ ಹೇಳಬೇಡಿ’ ಎಂದು ರೋಗಿ ಕೇಳಿಕೊಂಡರೆ ಗುಟ್ಟಾಗಿಡುವ ಭರವಸೆ ಕೊಡುವ ಆಯ್ಕೆ ಯಾವಾಗಲೂ ತಪ್ಪು. ಸುರಕ್ಷತೆಗೆ ಸಂಬಂಧಿಸಿದ್ದನ್ನು ಚಿಕಿತ್ಸಾ ತಂಡಕ್ಕೆ ತಿಳಿಸಲೇಬೇಕಾಗುತ್ತದೆ ಎಂದು ರೋಗಿಗೇ ಹೇಳಿಬಿಡಬೇಕು.

ಪ್ರಶ್ನೆ: ಮೇಡಂ, ಸ್ಕಿಜೋಫ್ರೀನಿಯಾ ಇರುವ ರೋಗಿ ‘ನನಗೆ ಧ್ವನಿಗಳು ಕೇಳಿಸುತ್ತಿವೆ’ ಎಂದಾಗ ಏನು ಉತ್ತರಿಸಬೇಕು ಎಂಬ ಪ್ರಶ್ನೆಯಲ್ಲಿ ನಾನು ಪ್ರತಿ ಸಲ ಎಡವುತ್ತೇನೆ. ಒಪ್ಪಿಕೊಂಡರೂ ತಪ್ಪು, ಅಲ್ಲಗಳೆದರೂ ತಪ್ಪು ಎನ್ನುತ್ತಾರೆ. ಉಳಿದದ್ದೇನು?

ಉತ್ತರ: ಧ್ವನಿ ಸುಳ್ಳಾದರೂ ಭಯ ನಿಜ ಎಂಬುದು ಉಳಿಯುತ್ತದೆ. ‘ನನಗೆ ಯಾವ ಧ್ವನಿಯೂ ಕೇಳಿಸುತ್ತಿಲ್ಲ, ಆದರೆ ನಿಮಗೆ ಕೇಳಿಸುತ್ತಿದೆ ಎಂಬುದು ಅರ್ಥವಾಗುತ್ತದೆ, ಅದರಿಂದ ನಿಮಗೆ ಭಯವಾಗುತ್ತಿರಬೇಕು’ ಎಂಬ ಮಾತಿನಲ್ಲಿ ವಾಸ್ತವವೂ ಇದೆ, ರೋಗಿಯ ಅನುಭವಕ್ಕೆ ಗೌರವವೂ ಇದೆ. ಇದಕ್ಕಿಂತ ಮುಂಚೆ ಬರಬೇಕಾದ ಇನ್ನೊಂದು ಪ್ರಶ್ನೆಯನ್ನು ಹಲವರು ಮರೆಯುತ್ತಾರೆ: ‘ಆ ಧ್ವನಿಗಳು ನಿಮಗೆ ಏನು ಹೇಳುತ್ತಿವೆ?’ ತನಗೋ ಇತರರಿಗೋ ಹಾನಿ ಮಾಡು ಎಂದು ಆಜ್ಞೆ ಮಾಡುವ ಧ್ವನಿಗಳಾದರೆ ಅದು ತುರ್ತು ಪರಿಸ್ಥಿತಿ. ಆಯ್ಕೆಗಳಲ್ಲಿ ಈ ಪ್ರಶ್ನೆ ಇದ್ದರೆ, ಮತ್ತು ಧ್ವನಿಗಳು ಏನು ಹೇಳುತ್ತಿವೆ ಎಂಬುದು ಪ್ರಶ್ನೆಯಲ್ಲಿ ಎಲ್ಲೂ ಇಲ್ಲದಿದ್ದರೆ, ಅದನ್ನೇ ಆರಿಸಿ.

ಡೆಲ್ಯೂಷನ್‌ನ (ಸಾಕ್ಷ್ಯ ತೋರಿಸಿದರೂ ಕದಲದ ಸುಳ್ಳು ನಂಬಿಕೆಯ) ವಿಷಯದಲ್ಲಿಯೂ ಹೆಚ್ಚುಕಡಿಮೆ ಇದೇ ದಾರಿ. ಊಟದಲ್ಲಿ ವಿಷ ಹಾಕಿದ್ದಾರೆ ಎನ್ನುವವರ ಜೊತೆ ವಾದಕ್ಕೆ ನಿಂತರೆ ಅವರ ನಂಬಿಕೆ ಇನ್ನಷ್ಟು ಗಟ್ಟಿಯಾಗುತ್ತದೆ. ‘ನಾನು ತಿಂದು ತೋರಿಸುತ್ತೇನೆ’ ಎಂಬ ಆಯ್ಕೆ ಮೇಲ್ನೋಟಕ್ಕೆ ಕರುಣೆಯದಾಗಿ ಕಂಡರೂ ಸರಿಯಲ್ಲ. ಮುಚ್ಚಿದ ಪೊಟ್ಟಣದಲ್ಲಿ ಬಂದ ಆಹಾರವನ್ನು ಅವರೇ ಬಿಚ್ಚಿಕೊಳ್ಳುವಂತೆ ಕೊಡುವುದು ಸರಿ. ‘ಯಾಕೆ ಹಾಗೆ ಅನ್ನಿಸುತ್ತದೆ?’ ಎಂದು ಆರಂಭವಾಗುವ ಆಯ್ಕೆಗಳನ್ನು ಸಾಮಾನ್ಯವಾಗಿ ಬಿಟ್ಟುಬಿಡಿ, ಏಕೆಂದರೆ ‘ಯಾಕೆ’ ಎಂಬುದು ಕಷ್ಟದಲ್ಲಿರುವವರಿಗೆ ಸಮಜಾಯಿಷಿ ಕೇಳಿದಂತೆ ಕೇಳಿಸುತ್ತದೆ. ‘ಏನೂ ಆಗುವುದಿಲ್ಲ, ಎಲ್ಲ ಸರಿಹೋಗುತ್ತದೆ’ ಎಂಬ ಸಮಾಧಾನವನ್ನೂ ಬಿಡಿ. ನಾವು ನಿತ್ಯ ಆಡುವ ಮಾತೇ ಅದಾದರೂ, ಕೇಳುವವರ ಬಾಯಿಯನ್ನು ಅದು ಅಲ್ಲಿಗೇ ಮುಚ್ಚಿಸುತ್ತದೆ.

ಪ್ರಶ್ನೆ: ಮನೋರೋಗದ ಔಷಧಗಳ ಸಂಖ್ಯೆಗಳು ಮತ್ತು ಅಡ್ಡಪರಿಣಾಮಗಳು ತಲೆಯಲ್ಲಿ ನಿಲ್ಲುತ್ತಿಲ್ಲ. ಯಾವುದನ್ನು ಖಂಡಿತ ಓದಿಕೊಳ್ಳಬೇಕು ಎಂದು ತಿಳಿಸುವಿರಾ ಮೇಡಂ?

ಉತ್ತರ: ಎಲ್ಲವನ್ನೂ ಒಂದೇ ತೂಕದಲ್ಲಿ ಓದಬೇಡಿ. ಜೀವಕ್ಕೆ ಅಪಾಯ ತರುವವುಗಳನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಮನಃಸ್ಥಿತಿಯ ವಿಪರೀತ ಏರಿಳಿತ ತಡೆಯಲು ಕೊಡುವ ಲಿಥಿಯಂನಿಂದ ಆರಂಭಿಸಿ. ರಕ್ತದಲ್ಲಿ ಅದರ ಮಟ್ಟ ಲೀಟರಿಗೆ 0.6 ರಿಂದ 1.2 ಮಿಲಿಈಕ್ವಿವಲೆಂಟ್ ಇದ್ದರೆ ಚಿಕಿತ್ಸೆಗೆ ತಕ್ಕ ಮಟ್ಟ; 1.5 ದಾಟಿದರೆ ವಿಷವಾಗುವ ಭಯ. ಪರೀಕ್ಷೆಗೆ ರಕ್ತವನ್ನು ಕೊನೆಯ ಡೋಸ್ ಆಗಿ 12 ಗಂಟೆಗಳ ನಂತರ ತೆಗೆಯುತ್ತಾರೆ. ಸಂಖ್ಯೆಯ ಜೊತೆಗೆ ಕಾರಣವನ್ನೂ ಓದಿದರೆ ಅದು ಮರೆಯುವುದಿಲ್ಲ. ಮೂತ್ರಪಿಂಡವು ಲಿಥಿಯಂ ಅನ್ನು ಸೋಡಿಯಂನಂತೆಯೇ ನಡೆಸಿಕೊಳ್ಳುತ್ತದೆ. ವಾಂತಿ, ಭೇದಿ, ವಿಪರೀತ ಬೆವರು ಅಥವಾ ಉಪ್ಪು ಕಡಿಮೆ ಮಾಡಿದ್ದರಿಂದ ದೇಹದಲ್ಲಿ ಸೋಡಿಯಂ ಇಳಿದರೆ ಮೂತ್ರಪಿಂಡವು ಲಿಥಿಯಂ ಅನ್ನು ಹಿಡಿದಿಟ್ಟುಕೊಳ್ಳುತ್ತದೆ, ಮಟ್ಟ ಏರುತ್ತದೆ. ಥಯಜೈಡ್ ಮೂತ್ರವರ್ಧಕಗಳು ಮತ್ತು ಐಬುಪ್ರೊಫೆನ್‌ನಂತಹ ನೋವಿನ ಮಾತ್ರೆಗಳಿಂದಲೂ ಏರುತ್ತದೆ. ಕೈ ಸಣ್ಣಗೆ ನಡುಗುವುದು ಸಾಮಾನ್ಯ ಅಡ್ಡಪರಿಣಾಮ. ನಡುಕ ಒರಟಾಗಿ, ಮಾತು ತೊದಲಿ, ನಡಿಗೆ ತೂರಾಡಿದರೆ ಮುಂದಿನ ಡೋಸ್ ಕೊಡದೆ ತಡೆದು ವೈದ್ಯರಿಗೆ ತಿಳಿಸಿ ಮಟ್ಟ ಪರೀಕ್ಷಿಸಬೇಕು. ಈ ಒಂದು ಔಷಧದ ಮೇಲೆ ಎಷ್ಟು ಬಗೆಯ ಪ್ರಶ್ನೆಗಳನ್ನು ಕಟ್ಟಬಹುದು ಎಂಬುದನ್ನು ನೀವೇ ಊಹಿಸಬಹುದು.

ಸ್ಕಿಜೋಫ್ರೀನಿಯಾಕ್ಕೆ ಕೊಡುವ ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಜ್ವರ ಮತ್ತು ಗಂಟಲುನೋವು ಬಂದರೆ ಅದನ್ನು ನೆಗಡಿಯೆಂದು ಬಿಡುವಂತಿಲ್ಲ. ಬಿಳಿ ರಕ್ತಕಣಗಳ ಎಣಿಕೆ ಅಪಾಯಕರವಾಗಿ ಕುಸಿದಿರಬಹುದು. ಸೈಕೋಸಿಸ್‌ನ (ವಾಸ್ತವದ ಅರಿವು ತಪ್ಪುವ ಸ್ಥಿತಿಯ) ಔಷಧ ತೆಗೆದುಕೊಳ್ಳುತ್ತಿರುವವರ ದೇಹ ಬಿಗಿಯಾಗಿ ಸೆಟೆದು, ಜ್ವರ ಏರಿ, ಪ್ರಜ್ಞೆ ಮಸುಕಾದರೆ ನ್ಯೂರೊಲೆಪ್ಟಿಕ್ ಮ್ಯಾಲಿಗ್ನಂಟ್ ಸಿಂಡ್ರೋಮ್ ಎಂದು ಶಂಕಿಸಿ ಔಷಧವನ್ನು ತಡೆಯಬೇಕು. ಇದನ್ನು, ಸೆರೊಟೊನಿನ್ ಹೆಚ್ಚಿಸುವ ಔಷಧಗಳಿಂದ ಬರುವ ಸೆರೊಟೊನಿನ್ ಸಿಂಡ್ರೋಮ್‌ನೊಂದಿಗೆ ಕಲಸಿಕೊಳ್ಳುವವರು ಬಹಳ. ಮೊದಲನೆಯದು ಸಾಮಾನ್ಯವಾಗಿ ದಿನಗಳಲ್ಲಿ ಬೆಳೆಯುತ್ತದೆ, ಸ್ನಾಯುಗಳ ಬಿಗಿತ ಅದರ ಗುರುತು. ಎರಡನೆಯದು ಗಂಟೆಗಳಲ್ಲಿ ಬರುತ್ತದೆ, ಸ್ನಾಯುಗಳ ಅದುರುವಿಕೆ, ಅತಿಚುರುಕಾದ ರಿಫ್ಲೆಕ್ಸ್ ಮತ್ತು ಭೇದಿ ಅದರ ಗುರುತುಗಳು.

ಮದ್ಯಪಾನ ನಿಲ್ಲಿಸಿದ ನಂತರದ ಕಾಲಪಟ್ಟಿಯೂ ಬೇಕು. ಕೊನೆಯ ಸಲ ಕುಡಿದ ಕೆಲವೇ ಗಂಟೆಗಳಲ್ಲಿ ನಡುಕ, ಬೆವರು, ಚಡಪಡಿಕೆ. ಮೊದಲ 48 ಗಂಟೆಗಳೊಳಗೆ ಫಿಟ್ಸ್ ಬರುವ ಭಯ. ಸಾಮಾನ್ಯವಾಗಿ 48 ರಿಂದ 96 ಗಂಟೆಗಳ ನಡುವೆ ಡೆಲಿರಿಯಂ ಟ್ರೆಮೆನ್ಸ್, ಅಂದರೆ ತೀವ್ರ ಗೊಂದಲ, ನಡುಕ, ಇಲ್ಲದ್ದು ಕಾಣುವ ಸ್ಥಿತಿ. ಶಸ್ತ್ರಚಿಕಿತ್ಸೆಯಾದ ಮೂರನೆಯ ದಿನ ರೋಗಿ ಗೊಂದಲಕ್ಕೀಡಾಗಿ ಗೋಡೆಯ ಮೇಲೆ ಹುಳಗಳಿವೆ ಎನ್ನುತ್ತಿದ್ದಾರೆ ಎಂಬ ಪ್ರಶ್ನೆ ಬಂದರೆ, ದಾಖಲಾಗುವ ಮುನ್ನ ಅವರಿಗೆ ಕುಡಿಯುವ ಅಭ್ಯಾಸವಿತ್ತೇ ಎಂಬುದು ನಿಮಗೆ ಹೊಳೆಯಬೇಕು.

ಪ್ರಶ್ನೆ: ಡಿಫೆನ್ಸ್ ಮೆಕ್ಯಾನಿಸಂಗಳಿಗೆ (ನೋವು, ಆತಂಕಗಳಿಂದ ಪಾರಾಗಲು ಮನಸ್ಸು ಬಳಸುವ ದಾರಿಗಳಿಗೆ) ಸುಲಭ ಉಪಾಯವೇನಾದರೂ ಇದೆಯೇ?

ಉತ್ತರ: ವ್ಯಾಖ್ಯೆ ಬಿಟ್ಟು, ಪ್ರತಿಯೊಂದಕ್ಕೂ ನಿಮ್ಮದೇ ಒಂದು ಉದಾಹರಣೆ ಬರೆದುಕೊಳ್ಳಿ. ಮೇಲಧಿಕಾರಿಯಿಂದ ಬೈಸಿಕೊಂಡು ಮನೆಯಲ್ಲಿ ಮಕ್ಕಳ ಮೇಲೆ ರೇಗುವುದು ಡಿಸ್‌ಪ್ಲೇಸ್‌ಮೆಂಟ್. ತನ್ನಲ್ಲಿರುವ ದ್ವೇಷವನ್ನು ಎದುರಿನವರದ್ದೆಂದು ಹೇಳುವುದು ಪ್ರೊಜೆಕ್ಷನ್. ಸಪ್ರೆಷನ್ ಮತ್ತು ರಿಪ್ರೆಷನ್ ಎರಡನ್ನು ಬೇರ್ಪಡಿಸುವುದು ಅರಿವು ಮಾತ್ರ: ಮೊದಲನೆಯದರಲ್ಲಿ ಬೇಕೆಂದೇ ಬದಿಗಿಡುತ್ತೇವೆ, ಎರಡನೆಯದರಲ್ಲಿ ಬದಿಗಿಟ್ಟದ್ದೇ ತಿಳಿದಿರುವುದಿಲ್ಲ.

ಪ್ರಶ್ನೆ: ಮೇಡಂ, ಇದನ್ನು ಇಲ್ಲಿ ಕೇಳಬಹುದೋ ಇಲ್ಲವೋ ತಿಳಿಯದು. ನಮ್ಮ ಮನೆಯಲ್ಲಿ ಒಬ್ಬರು ಆತ್ಮಹತ್ಯೆ ಮಾಡಿಕೊಂಡಿದ್ದಾರೆ. ಆ ಅಧ್ಯಾಯವನ್ನು ತೆರೆದರೆ ಓದು ಮುಂದೆ ಹೋಗುವುದಿಲ್ಲ. ಅಪಾಯದ ಸೂಚನೆಗಳ ಪಟ್ಟಿಯನ್ನು ಓದುವಾಗ, ಇವನ್ನೆಲ್ಲ ನಾನು ಏಕೆ ಗುರುತಿಸಲಿಲ್ಲ ಎಂದೇ ಯೋಚನೆ ಬರುತ್ತದೆ. ಪರೀಕ್ಷೆ ಹತ್ತಿರವಿದೆ.

ಉತ್ತರ: ಖಂಡಿತ ಕೇಳಬಹುದು ಅಮ್ಮ, ಕೇಳಿದ್ದು ಒಳ್ಳೆಯದಾಯಿತು. ನಿಮ್ಮ ನಷ್ಟಕ್ಕೆ ನನ್ನ ಮನಸ್ಸು ನೋಯುತ್ತದೆ.

ಆ ಪಟ್ಟಿಯ ಬಗ್ಗೆ ಒಂದು ಮಾತು ಹೇಳಬೇಕು. ಪುಸ್ತಕದಲ್ಲಿ ಸೂಚನೆಗಳನ್ನು ಒಂದರ ಕೆಳಗೊಂದು ಬರೆದಿರುತ್ತಾರೆ, ಬದುಕಿನಲ್ಲಿ ಅವು ತಿಂಗಳುಗಟ್ಟಲೆ ಹರಡಿಕೊಂಡು, ದಿನನಿತ್ಯದ ನೂರು ಮಾತುಗಳ ನಡುವೆ ಸೇರಿಹೋಗಿರುತ್ತವೆ. ಅನುಭವಿ ತಜ್ಞರಿಗೂ ಯಾರು ಯಾವಾಗ ಹಾಗೆ ಮಾಡಿಕೊಳ್ಳುತ್ತಾರೆ ಎಂದು ನಿಖರವಾಗಿ ಹೇಳಲು ಸಾಧ್ಯವಿಲ್ಲ. ನಡೆದುಹೋದ ಮೇಲೆ ಹಿಂದಿರುಗಿ ನೋಡಿದಾಗ ಸ್ಪಷ್ಟವಾಗಿ ಕಾಣುವುದು ಆಗಿನ ನಿಮ್ಮ ಕಣ್ಣಿಗೆ ಕಾಣುವಂತಿರಲಿಲ್ಲ. ಹೀಗೆ ಅಗಲಿದವರ ಮನೆಯವರಲ್ಲಿ ಈ ತಪ್ಪಿತಸ್ಥ ಭಾವನೆ ತೀರಾ ಸಾಮಾನ್ಯವೆಂದು ನಾವೇ ಪಾಠದಲ್ಲಿ ಓದುತ್ತೇವೆ. ಅದು ನಿಮಗೂ ಅನ್ವಯಿಸುತ್ತದೆ. ದುಃಖದ ಐದು ಹಂತಗಳನ್ನು ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್ ರಾಸ್ 1969ರಲ್ಲಿ ಮಂಡಿಸಿದರು ಎಂದು ಪರೀಕ್ಷೆಗೆ ನೆನಪಿಟ್ಟುಕೊಳ್ಳಿ, ಆದರೆ ಎಲ್ಲರೂ ಅದೇ ಕ್ರಮದಲ್ಲಿ ಸಾಗಬೇಕೆಂದಿಲ್ಲ ಎಂಬುದನ್ನು ನಿಮ್ಮ ಮಟ್ಟಿಗೂ ನೆನಪಿಟ್ಟುಕೊಳ್ಳಿ.

ಓದಿನ ವಿಷಯಕ್ಕೆ ಬಂದರೆ, ಆ ಅಧ್ಯಾಯವನ್ನು ರಾತ್ರಿ ಒಬ್ಬರೇ ಕುಳಿತು ಓದಬೇಡಿ. ಹಗಲಿನಲ್ಲಿ, ನಂಬಿಕೆಯ ಗೆಳತಿಯೊಬ್ಬರ ಜೊತೆ, ಸಣ್ಣ ಸಣ್ಣ ಭಾಗಗಳಾಗಿ ಓದಿ. ಅವರು ಪ್ರಶ್ನೆ ಓದಲಿ, ನೀವು ಉತ್ತರಿಸಿ. ಸಾಕೆನಿಸಿದಾಗ ನಿಲ್ಲಿಸಿ ಬೇರೆ ವಿಷಯಕ್ಕೆ ಹೋಗಿ. ನಿದ್ರೆ, ಊಟ, ತರಗತಿ ಕೆಡುವಷ್ಟು ಭಾರವಾಗಿದ್ದರೆ, ಅಥವಾ ನಿಮಗೇ ಬದುಕು ಬೇಡವೆನಿಸುತ್ತಿದ್ದರೆ, ಪರೀಕ್ಷೆ ಮುಗಿಯಲಿ ಎಂದು ಕಾಯದೆ ಇಂದೇ ಆಪ್ತಸಮಾಲೋಚಕರನ್ನೋ ಮನೋವೈದ್ಯರನ್ನೋ ಕಾಣಬೇಕು. ಮೇಲೆ ರೋಗಿಗೆ ಕೇಳಬೇಕೆಂದು ಬರೆದ ಪ್ರಶ್ನೆಯನ್ನು ನಿಮಗೂ ನೇರವಾಗಿಯೇ ಕೇಳುತ್ತಿದ್ದೇನೆ: ನಿಮಗೆ ನೀವೇ ಹಾನಿ ಮಾಡಿಕೊಳ್ಳುವ ಆಲೋಚನೆ ಬರುತ್ತಿದೆಯೇ? ದಯವಿಟ್ಟು ನನಗೆ ಖಾಸಗಿಯಾಗಿ ಉತ್ತರ ಬರೆಯಿರಿ. ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಅದೇ ವಿದ್ಯಾರ್ಥಿನಿ: ಇಲ್ಲ ಮೇಡಂ, ಅಂತಹ ಆಲೋಚನೆ ಇಲ್ಲ. ಆದರೆ ನಿದ್ರೆ ಸರಿಯಾಗಿ ಬರುತ್ತಿಲ್ಲ. ಖಾಸಗಿಯಾಗಿ ಬರೆಯುತ್ತೇನೆ.

ಉತ್ತರ: ಬರೆಯಿರಿ. ಯಾರನ್ನು, ಯಾವಾಗ ಕಾಣಬೇಕೆಂದು ಇಬ್ಬರೂ ಸೇರಿ ಇಂದೇ ಗೊತ್ತುಮಾಡೋಣ.

ಪ್ರಶ್ನೆ: ಕೊನೆಯ ಕೆಲವು ದಿನಗಳಲ್ಲಿ ಮಾದರಿ ಪ್ರಶ್ನೆಗಳನ್ನು ಹೇಗೆ ಅಭ್ಯಾಸ ಮಾಡಬೇಕು ಮೇಡಂ? ನಾನು ದಿನಕ್ಕೆ ಇನ್ನೂರು ಪ್ರಶ್ನೆ ಮಾಡಿದರೂ ಅಂಕ ಏರುತ್ತಿಲ್ಲ.

ಉತ್ತರ: ಸಂಖ್ಯೆ ಇಳಿಸಿ, ಪ್ರತಿ ಪ್ರಶ್ನೆಗೆ ಕೊಡುವ ಸಮಯ ಹೆಚ್ಚಿಸಿ. ಸರಿ ಉತ್ತರ ಬಂದ ಪ್ರಶ್ನೆಯಲ್ಲಿಯೂ ಉಳಿದ ಮೂರು ಏಕೆ ಅಲ್ಲ ಎಂದು ಒಂದೊಂದು ವಾಕ್ಯ ಬರೆಯಿರಿ. ತಪ್ಪಿದ ಪ್ರಶ್ನೆಗಳಲ್ಲಿ ವಿಷಯವೇ ತಿಳಿದಿರಲಿಲ್ಲವೋ, ಪ್ರಶ್ನೆಯಲ್ಲಿದ್ದ ಒಂದು ವಿವರವನ್ನು ಓದದೆ ಬಿಟ್ಟಿರೋ ಎಂದು ಬೇರೆ ಬೇರೆ ಗುರುತು ಹಾಕಿಕೊಳ್ಳಿ. ಎರಡನೆಯದು ಹೆಚ್ಚಿದ್ದರೆ ಇನ್ನಷ್ಟು ಪಾಠ ಓದಿ ಪ್ರಯೋಜನವಿಲ್ಲ.

ವಿಶೇಷವಾಗಿ ಉದ್ರೇಕಗೊಂಡ ರೋಗಿಯ ಪ್ರಶ್ನೆಗಳನ್ನು ಮತ್ತು ತೀವ್ರ ಆತಂಕದ ಪ್ರಶ್ನೆಗಳನ್ನು ಈ ರೀತಿ ಬಿಡಿಸಿ ನೋಡಿ. ಉದ್ರೇಕಗೊಂಡವರ ವಿಷಯದಲ್ಲಿ ಶಾಂತವಾದ ಮಾತು, ಸ್ವಲ್ಪ ಅಂತರ, ಸುತ್ತಲಿನ ಗದ್ದಲ ಕಡಿಮೆ ಮಾಡುವುದು, ಬೇಕಿದ್ದರೆ ಔಷಧ, ಇವೆಲ್ಲ ವಿಫಲವಾಗಿ ಅಪಾಯ ಕಣ್ಣೆದುರಿಗಿದ್ದಾಗ ಮಾತ್ರ ಕಟ್ಟಿಹಾಕುವ ಕ್ರಮ. ಸಿಬ್ಬಂದಿ ಕಡಿಮೆಯಿದೆ ಎಂಬುದಾಗಲಿ, ಶಿಕ್ಷೆಯಾಗಲಿ ಅದಕ್ಕೆ ಎಂದಿಗೂ ಕಾರಣವಾಗಬಾರದು. ಪ್ಯಾನಿಕ್ ಮಟ್ಟದ ಆತಂಕದಲ್ಲಿರುವವರಿಗೆ ಉಸಿರಾಟದ ವ್ಯಾಯಾಮವನ್ನು ಹೊಸದಾಗಿ ಕಲಿಸುವುದು, ಕಾರಣಗಳನ್ನು ಚರ್ಚಿಸುವುದು ಆ ಹೊತ್ತಿನ ಕೆಲಸವಲ್ಲ, ಏಕೆಂದರೆ ಅವರ ಗಮನ ಏನನ್ನೂ ಹಿಡಿಯುವ ಸ್ಥಿತಿಯಲ್ಲಿರುವುದಿಲ್ಲ. ಜೊತೆಯಲ್ಲಿಯೇ ಇದ್ದು, ‘ನಾನು ಇಲ್ಲೇ ಇದ್ದೇನೆ, ನೀವು ಸುರಕ್ಷಿತವಾಗಿದ್ದೀರಿ’ ಎಂಬಂತಹ ಚಿಕ್ಕ ವಾಕ್ಯಗಳನ್ನು ಆಡಬೇಕು. ಕಲಿಸುವ ಕೆಲಸವನ್ನು ಆತಂಕ ಇಳಿದ ಮೇಲೆ ಮಾಡಬೇಕು.