ಅತ್ತೆಯವರನ್ನು ಕೆನಡಾಕ್ಕೆ ಕರೆಸಲು ಅಳಿಯನ ಆಹ್ವಾನ ಪತ್ರ ಸಾಕೇ? ಜಮ್ಮಾ ತೋಟದ ದಾಖಲೆ ಬಗ್ಗೆಯೂ ಸಲಹೆ ಬೇಕು

ಗೋಣಿಕೊಪ್ಪದವನು:

ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಪತ್ನಿ ಆರು ವರ್ಷಗಳಿಂದ ಒಂಟಾರಿಯೊದಲ್ಲಿದ್ದೇವೆ. ಇಬ್ಬರಿಗೂ ಕೆನಡಾದ ಖಾಯಂ ನಿವಾಸದ ಹಕ್ಕು ದೊರೆತಿದೆ. ಮೂರು ವರ್ಷದ ಮಗನಿದ್ದಾನೆ, ಆಗಸ್ಟ್ ತಿಂಗಳಿನಲ್ಲಿ ಎರಡನೆಯ ಹೆರಿಗೆಯ ದಿನವಿದೆ. ಬಾಣಂತನಕ್ಕೆ ಅತ್ತೆಯವರನ್ನು ಕರೆಸಿಕೊಳ್ಳಬೇಕೆಂಬುದು ನಮ್ಮ ಇಚ್ಛೆ. ಸದ್ಯ ನಾನೊಬ್ಬನೇ ಒಂದು ತಿಂಗಳ ರಜೆಯಲ್ಲಿ ಊರಿಗೆ ಬಂದಿದ್ದು, ಹಿಂದಿರುಗುವ ಮೊದಲು ಅವರ ಕಾಗದಪತ್ರಗಳನ್ನು ಸಿದ್ಧಪಡಿಸಿಕೊಡಬೇಕಾಗಿದೆ.

ಅತ್ತೆಯವರಿಗೆ 64 ವರ್ಷ. ಮಾವನವರು ತೀರಿಕೊಂಡು ನಾಲ್ಕು ವರ್ಷವಾಯಿತು. ಕೊಡಗಿನ ಪೊನ್ನಂಪೇಟೆಯ ಕಡೆ ಅವರ ಪಾಲಿನ ರೋಬಸ್ಟಾ ಕಾಫಿ ತೋಟವಿದೆ. ಪತ್ನಿ ಈಗ ಕೆಲಸಕ್ಕೆ ಹೋಗುತ್ತಿಲ್ಲವಾದ್ದರಿಂದ ಸೂಪರ್ ವೀಸಾಕ್ಕೆ (ತಂದೆ ತಾಯಿ, ಅಜ್ಜ ಅಜ್ಜಿಯರು ದೀರ್ಘಕಾಲ ಬಂದಿರಲು ಕೆನಡಾ ಕೊಡುವ ವೀಸಾ) ಬೇಕಾದ ಆಹ್ವಾನ ಪತ್ರವನ್ನು ನನ್ನ ಹೆಸರಿನಲ್ಲಿಯೇ ಬರೆದಿದ್ದೇನೆ. ಇದು ಸರಿಯೇ?

ಇನ್ನೊಂದು ತೊಡಕೆಂದರೆ ತೋಟ ಜಮ್ಮಾ ಭೂಮಿ, ಅಂದರೆ ಕೊಡಗಿನಲ್ಲಿ ವಂಶಪಾರಂಪರ್ಯವಾಗಿ ಇಡೀ ಒಕ್ಕಕ್ಕೆ (ಮನೆತನಕ್ಕೆ) ಸೇರಿದ ಭೂಮಿ. ಪಹಣಿಯ ಒಂಬತ್ತನೆಯ ಕಾಲಮ್ಮಿನಲ್ಲಿ ಮೊದಲಿಗೆ ಪಟ್ಟೆದಾರರಾದ (ಒಕ್ಕದ ಪರವಾಗಿ ದಾಖಲೆಯಲ್ಲಿ ಹೆಸರಿರುವ ಹಿರಿಯರು) ದೊಡ್ಡ ಮಾವನವರ ಹೆಸರು, ಅದರ ಕೆಳಗೆ ಒಕ್ಕದ ಹನ್ನೊಂದು ಮಂದಿಯ ಹೆಸರುಗಳಿವೆ. ಅವುಗಳಲ್ಲಿ ತೀರಿಕೊಂಡ ಮಾವನವರ ಹೆಸರು ಇನ್ನೂ ಇದೆ, ಅತ್ತೆಯವರದ್ದು ಇಲ್ಲ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮಾರ್ಚ್ ತಿಂಗಳಲ್ಲೊಮ್ಮೆ ಕಾಫಿ ಮಾರಿದ ಹಣ ಒಟ್ಟಿಗೆ ಜಮೆಯಾಗಿದ್ದು, ಉಳಿದ ಹನ್ನೊಂದು ತಿಂಗಳೂ ಬರಿಯ ಖರ್ಚೇ ಕಾಣುತ್ತದೆ. ಅವರು ಆದಾಯ ತೆರಿಗೆ ವಿವರ ಸಲ್ಲಿಸಿದವರೂ ಅಲ್ಲ. ಇಂತಹ ದಾಖಲೆಗಳನ್ನು ಕೊಡುವುದು ಮೇಲೋ, ಕೊಡದಿರುವುದು ಮೇಲೋ ತಿಳಿಯದಾಗಿದೆ.

ಮಡಿಕೇರಿ ಮಂಜು:

ಮೊದಲು ಆಹ್ವಾನ ಪತ್ರವನ್ನು ಬದಲಾಯಿಸಿ. ಸೂಪರ್ ವೀಸಾದಲ್ಲಿ ಕರೆಸಿಕೊಳ್ಳುವವರು ಅರ್ಜಿದಾರರ ಮಗ, ಮಗಳು ಅಥವಾ ಮೊಮ್ಮಗ, ಮೊಮ್ಮಗಳೇ ಆಗಿರಬೇಕು. ಅಳಿಯನಿಗೆ ಆ ಸ್ಥಾನವಿಲ್ಲ. ಅತ್ತೆಯನ್ನು ತಾಯಿಯಂತೆ ನೋಡಿಕೊಳ್ಳುವ ಅಳಿಯಂದಿರು ನಮ್ಮಲ್ಲಿ ಬೇಕಾದಷ್ಟಿದ್ದಾರೆ, ಆದರೆ ಈ ನಿಯಮಕ್ಕೆ ಅದು ಲೆಕ್ಕಕ್ಕಿಲ್ಲ. ಪತ್ರವನ್ನು ತಮ್ಮ ಪತ್ನಿ ಬರೆಯಬೇಕು, ತಾವು ಜೊತೆಯಲ್ಲಿ ಸಹಿ ಮಾಡಬೇಕು. ಹಾಗೆ ಸಹಿ ಮಾಡಿದ ಪತಿಯ ಆದಾಯವನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರಾದ್ದರಿಂದ ಅವರಿಗೆ ಸಂಬಳವಿಲ್ಲವೆಂಬ ಚಿಂತೆ ಬೇಡ. ಕುಟುಂಬದ ಗಾತ್ರವನ್ನು ಎಣಿಸುವಾಗ ತಾವು, ಪತ್ನಿ, ಮಗ ಮತ್ತು ಬರಲಿರುವ ಅತ್ತೆಯವರು ಸೇರಿ ನಾಲ್ವರು ಎಂದು ಹಿಡಿಯಿರಿ. ಆ ಗಾತ್ರಕ್ಕೆ ನಿಗದಿಯಾದ ಕನಿಷ್ಠ ಆದಾಯವನ್ನು ಪ್ರತಿ ವರ್ಷ ಪರಿಷ್ಕರಿಸುತ್ತಾರೆ, ಆದ್ದರಿಂದ ಹಳೆಯ ಪಟ್ಟಿಯನ್ನು ನಂಬಬೇಡಿ.

ವಿಮೆ ಕಡ್ಡಾಯ. ಕನಿಷ್ಠ 1 ಲಕ್ಷ ಕೆನಡಿಯನ್ ಡಾಲರ್ ಮೊತ್ತಕ್ಕೆ, ಪ್ರವೇಶದ ದಿನದಿಂದ ಕನಿಷ್ಠ ಒಂದು ವರ್ಷ ಜಾರಿಯಲ್ಲಿರುವ ಪಾಲಿಸಿಯೇ ಆಗಬೇಕು, ಬರಿಯ ದರಪಟ್ಟಿಯನ್ನು ಒಪ್ಪುವುದಿಲ್ಲ. ಅತ್ತೆಯವರು ರಕ್ತದೊತ್ತಡಕ್ಕೋ ಸಕ್ಕರೆ ಕಾಯಿಲೆಗೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ವಿಮೆಯ ಅರ್ಜಿಯಲ್ಲಿ ಮುಚ್ಚಿಡಬೇಡಿ. ಪ್ರಯಾಣಕ್ಕೆ ಮುಂಚಿನ ಕೆಲವು ತಿಂಗಳಲ್ಲಿ ಮಾತ್ರೆಯ ಪ್ರಮಾಣ ಬದಲಾಗಿದ್ದರೂ ಆ ಕಾಯಿಲೆಗೆ ಹಣ ಕೊಡದ ಪಾಲಿಸಿಗಳಿವೆ. ನನ್ನ ತಂದೆಯವರಿಗೆ ವಿಮೆ ಮಾಡಿಸುವಾಗ ಆ ಷರತ್ತು ಸಣ್ಣ ಅಕ್ಷರದಲ್ಲಿ ಎಷ್ಟನೆಯದೋ ಪುಟದಲ್ಲಿತ್ತು.

ವೈದ್ಯಕೀಯ ಪರೀಕ್ಷೆಯನ್ನು ಕೆನಡಾ ಸರ್ಕಾರ ಗೊತ್ತುಪಡಿಸಿದ ವೈದ್ಯರಲ್ಲಿಯೇ ಮಾಡಿಸಬೇಕು, ಮನೆಯ ಡಾಕ್ಟರ ಪ್ರಮಾಣಪತ್ರ ನಡೆಯುವುದಿಲ್ಲ. ಇದಕ್ಕೂ ಬೆರಳಚ್ಚಿಗೂ ಬೆಂಗಳೂರಿಗೆ ಹೋಗುವುದು ಅನಿವಾರ್ಯ. ನಮ್ಮ ಜಿಲ್ಲೆಗೆ ರೈಲಿಲ್ಲ, ಆ ವಯಸ್ಸಿನವರನ್ನು ಎರಡು ಬಾರಿ ಬಸ್ಸಿನಲ್ಲಿ ಕರೆದೊಯ್ಯುವುದು ಕಷ್ಟ. ಅರ್ಜಿ ಸಲ್ಲಿಸಿ, ಬೆರಳಚ್ಚಿನ ಸೂಚನಾ ಪತ್ರ ಬಂದ ಮೇಲೆ ಎರಡಕ್ಕೂ ಒಂದೇ ದಿನ ಅಥವಾ ಅಕ್ಕಪಕ್ಕದ ದಿನಗಳಲ್ಲಿ ಸಮಯ ಗೊತ್ತುಮಾಡಿಕೊಳ್ಳಿ.

ಪೊನ್ನಂಪೇಟೆ ಅಕ್ಕ:

ತೋಟದ ಕಾಗದಗಳನ್ನು ಖಂಡಿತವಾಗಿ ಕೊಡಿ. ನನ್ನ ತಂಗಿ ನಮ್ಮ ತಾಯಿಯನ್ನು ಕರೆಸಿಕೊಳ್ಳಲು ಹೊರಟಾಗ ನಾವು ಮಾಡಿದ ತಪ್ಪನ್ನು ನೀವು ಮಾಡಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಆಗ ಒಬ್ಬ ಏಜೆಂಟರು, ಜಮ್ಮಾ ಪಹಣಿಯನ್ನು ಕೊಟ್ಟರೆ ಅಧಿಕಾರಿಗಳಿಗೆ ಗೊಂದಲವಾಗುತ್ತದೆ, ಅದನ್ನು ಬಿಟ್ಟು ಖಾತೆಯಲ್ಲಿ ಒಂದಷ್ಟು ಹಣ ತೋರಿಸಿ ಎಂದರು. ನಾವು ಅರ್ಜಿಗೆ ಹದಿನೈದು ದಿನ ಮುಂಚೆ ಅಣ್ಣನ ಖಾತೆಯಿಂದ ಎಂಟು ಲಕ್ಷ ರೂಪಾಯಿಯನ್ನು ಅಮ್ಮನ ಖಾತೆಗೆ ಹಾಕಿದೆವು. ಅರ್ಜಿ ತಿರಸ್ಕೃತವಾಯಿತು. ಯೋಚಿಸಿದರೆ ಆಶ್ಚರ್ಯವೇನೂ ಇಲ್ಲ. ಊರಿನಲ್ಲಿ ಏನೂ ಆಸ್ತಿಯಿಲ್ಲದ, ಎಲ್ಲಿಂದಲೋ ಹಠಾತ್ತನೆ ಹಣ ಬಂದ ಒಬ್ಬ ವೃದ್ಧೆಯ ಚಿತ್ರವನ್ನು ನಾವೇ ಬರೆದುಕೊಟ್ಟಿದ್ದೆವು.

ಎರಡನೆಯ ಬಾರಿ ಇದ್ದದ್ದನ್ನು ಇದ್ದ ಹಾಗೆ ಇಟ್ಟೆವು. ಪಹಣಿಯ ಜೊತೆಗೆ ನಾಡಕಚೇರಿಯಿಂದ ಪಡೆದ ವಂಶವೃಕ್ಷ, ತಂದೆಯವರ ಮರಣ ಪ್ರಮಾಣಪತ್ರ, ಒಕ್ಕದೊಳಗೆ ಆದ ಪಾಲುಪತ್ರ, ಕಾಫಿ ಮಂಡಳಿಯ ಬೆಳೆಗಾರರ ನೋಂದಣಿ ಇವಿಷ್ಟನ್ನು ಸೇರಿಸಿ, ಜಮ್ಮಾ ಭೂಮಿ ಎಂದರೇನು, ಅದರ ದಾಖಲೆಯಲ್ಲಿ ಪಟ್ಟೆದಾರರ ಹೆಸರು ಮುಂದಿರುವುದೇಕೆ, ಅದರಲ್ಲಿ ಅಮ್ಮ ಅನುಭವಿಸುತ್ತಿರುವ ಪಾಲು ಎಷ್ಟು ಎಂಬುದನ್ನು ಒಂದು ಪುಟದ ವಿವರಣೆಯಾಗಿ ಬರೆದೆವು. ಕೊಡಗಿನವರಿಗೆ ಇದು ಹುಟ್ಟಿನಿಂದಲೇ ಗೊತ್ತಿರುವ ಸಂಗತಿ. ಮೈಸೂರಿನವರಿಗೇ ಬಿಡಿಸಿ ಹೇಳಬೇಕಾದಾಗ, ಸಾವಿರಾರು ಮೈಲಿ ದೂರದ ಅಧಿಕಾರಿಗೆ ತಾನಾಗಿಯೇ ಹೇಗೆ ತಿಳಿಯಬೇಕು? ನಿಮ್ಮ ಅತ್ತೆಯವರ ವಿಷಯದಲ್ಲಿ ಪೌತಿ ಖಾತೆಯ (ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸುವ) ಅರ್ಜಿಯನ್ನೂ ಈಗಲೇ ಹಾಕಿಸಿ. ಅದು ಮುಗಿಯುವಷ್ಟರಲ್ಲಿ ಮಗುವಿಗೆ ಹಲ್ಲು ಬಂದಿರಬಹುದು, ಆದರೂ ಅರ್ಜಿಯ ಸ್ವೀಕೃತಿಯನ್ನು ಲಗತ್ತಿಸಬಹುದು.

ಮಾರ್ಚ್ ತಿಂಗಳ ಜಮೆಗೆ ಕಾಫಿ ವ್ಯಾಪಾರಿಯ ಬಿಲ್ಲೇ ಉತ್ತರ. ನಮ್ಮ ಬಿಲ್ಲಿನಲ್ಲಿ ಒಣ ಚೆರಿ (ಒಣಗಿಸಿದ ಕಾಫಿ ಹಣ್ಣು) 62 ಚೀಲ, ಪ್ರತಿ ಚೀಲ 50 ಕಿಲೊ, ಔಟ್‌ಟರ್ನ್ (ಚೆರಿಯಿಂದ ಸಿಗುವ ಬೀಜದ ಪ್ರಮಾಣ) ಇಷ್ಟು, ತೇವಾಂಶ ಇಷ್ಟು, ಚೀಲಕ್ಕೆ ದರ ಇಷ್ಟು ಎಂದು ನೀಲಿ ಇಂಕಿನಲ್ಲಿ ಬರೆದು ಮೊಹರು ಹಾಕಿದ್ದರು. ಆ ಮೊತ್ತಕ್ಕೂ ಪಾಸ್‌ಬುಕ್ಕಿನ ಸಾಲಿಗೂ ಒಂದೇ ಕ್ರಮಸಂಖ್ಯೆ ಬರೆದು ತಾಳೆಯಾಗುವಂತೆ ಮಾಡಿದೆವು. ಹೀಗೆ ಮೂರು ವರ್ಷದ ಬಿಲ್ಲುಗಳನ್ನಿಟ್ಟರೆ ಅದು ಹಠಾತ್ ಹಣವಲ್ಲ, ವರ್ಷಕ್ಕೊಮ್ಮೆ ಬರುವ ಬೆಳೆಯ ಹಣವೆಂದು ಯಾರಿಗಾದರೂ ಕಾಣುತ್ತದೆ. ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜವನ್ನು ಸಂಸ್ಕರಿಸುವುದು) ಮಾಡಿಸದೆ ಚೆರಿಯನ್ನೇ ಮಾರುವ ಬೆಳೆಗಾರರ ಆದಾಯ ಕೃಷಿ ಆದಾಯವಾಗಿದ್ದು ಅದಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಎಂಬುದನ್ನು ಲೆಕ್ಕ ಪರಿಶೋಧಕರ ಪತ್ರದಲ್ಲಿ ಬರೆಸಿದೆವು.

ಪಹಣಿ, ವಂಶವೃಕ್ಷ ಎಲ್ಲ ಕನ್ನಡದಲ್ಲಿರುತ್ತವೆಯಾದ್ದರಿಂದ ಇಂಗ್ಲಿಷ್ ಅನುವಾದ ಬೇಕು, ಅನುವಾದಕರ ಅಫಿಡವಿಟ್ಟೂ ಬೇಕು. ಅನುವಾದವನ್ನು ಮನೆಯವರು ಮಾಡುವಂತಿಲ್ಲ. ಸೋದರಸಂಬಂಧಿಗಳೂ ಆಗುವುದಿಲ್ಲ. ನಮ್ಮ ಕಡೆ ಪರಿಚಯದ ವಕೀಲರೆಲ್ಲ ಒಂದಲ್ಲ ಒಂದು ರೀತಿಯಲ್ಲಿ ನೆಂಟರೇ ಆಗಿರುತ್ತಾರೆ, ಸ್ವಲ್ಪ ನೋಡಿಕೊಂಡು ಆರಿಸಿಕೊಳ್ಳಿ.

ಹಳೇ ರೈಟರ್:

ಮೇಲಿನ ಇಬ್ಬರ ಮಾತೂ ಸರಿ. ಆದರೆ ತಮಗೆ ಸೂಪರ್ ವೀಸಾವೇ ಏಕೆ ಬೇಕು ಎಂಬುದನ್ನು ಯಾರೂ ಕೇಳಲಿಲ್ಲ. 2022ರ ಜುಲೈನಿಂದ ಅದರಲ್ಲಿ ಒಂದು ಪ್ರವೇಶಕ್ಕೆ ಐದು ವರ್ಷದವರೆಗೆ ಇರಬಹುದು. ತೋಟವನ್ನು ಬಿಟ್ಟು ಅಷ್ಟು ದಿನ ಇರುವವರು ತಮ್ಮ ಅತ್ತೆಯವರಲ್ಲವೆಂದು ಕಾಣುತ್ತದೆ. ಸಾಮಾನ್ಯ ಸಂದರ್ಶಕ ವೀಸಾದಲ್ಲಿ ಸಾಧಾರಣವಾಗಿ ಆರು ತಿಂಗಳ ವಾಸಕ್ಕೆ ಅವಕಾಶವಿರುತ್ತದೆ. ಬಾಣಂತನಕ್ಕೆ ಅಷ್ಟು ಸಾಲದೇ? ಅದರಲ್ಲಿ ಕನಿಷ್ಠ ಆದಾಯದ ನಿಯಮವಿಲ್ಲ, ವಿಮೆ ಕಡ್ಡಾಯವಲ್ಲ (ಮಾಡಿಸದೆ ಮಾತ್ರ ಕಳುಹಿಸಬೇಡಿ), ಆರು ತಿಂಗಳೊಳಗಿನ ಭೇಟಿಗೆ ವೈದ್ಯಕೀಯ ಪರೀಕ್ಷೆಯೂ ಸಾಮಾನ್ಯವಾಗಿ ಬೇಕಾಗುವುದಿಲ್ಲ. ಆಹ್ವಾನ ಪತ್ರವನ್ನು ಅಳಿಯನೂ ಬರೆಯಬಹುದು. ಶುಲ್ಕ 100 ಡಾಲರ್, ಬೆರಳಚ್ಚಿಗೆ 85.

ಹೆರಿಗೆಗೆಂದು ಬರೆದರೆ ಮನೆಗೆಲಸಕ್ಕೆ ಕರೆಸಿಕೊಳ್ಳುತ್ತಿದ್ದಾರೆಂದು ತಿಳಿದಾರೆಂಬ ಹೆದರಿಕೆ ಹಲವರಿಗಿದೆ. ಅದು ಬೇಡ. ಭೇಟಿಗೆ ಬಂದ ತಾಯಿ ಮಗಳ ಮಕ್ಕಳನ್ನು ಸಂಬಳವಿಲ್ಲದೆ ನೋಡಿಕೊಳ್ಳುವುದು ಕೆಲಸವೆಂದು ಪರಿಗಣಿತವಾಗುವುದಿಲ್ಲ ಎಂದು ಕೆನಡಾದ ವಲಸೆ ಇಲಾಖೆಯ ಮಾರ್ಗಸೂಚಿಯಲ್ಲಿಯೇ ಉದಾಹರಣೆಯಾಗಿ ಕೊಟ್ಟಿದೆ. ಇರುವ ಕಾರಣವನ್ನೇ ಬರೆಯಿರಿ.

ಹಿಂದಿರುಗುವ ಕಾರಣವನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಿರಿ. ಜುಲೈ ಕೊನೆಗೆ ಹೋಗಿ ಡಿಸೆಂಬರ್ ನಡುವಿಗೆ ಬರುವುದಾದರೆ ರೋಬಸ್ಟಾ ಕೊಯ್ಲಿಗೆ ಮೊದಲು ಅವರು ಮನೆಯಲ್ಲಿರುತ್ತಾರೆ. ಕೊಯ್ಲಿನಲ್ಲಿ ಆಳುಗಳ ಲೆಕ್ಕ, ಕಣದ ಉಸ್ತುವಾರಿ, ಮಾರಾಟ ಇವನ್ನೆಲ್ಲ ಅವರೇ ನೋಡಿಕೊಳ್ಳುವುದು ನಿಜವಾದರೆ ಅದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಗೋಣಿಕೊಪ್ಪದವನು:

ಮೂವರಿಗೂ ಕೃತಜ್ಞತೆಗಳು. ನಿನ್ನೆ ಸಂಜೆ ಅತ್ತೆಯವರನ್ನೇ ಕೇಳಿದೆ. ಕಣದಲ್ಲಿ ಹರಡಿದ್ದ ಚೆರಿಯನ್ನು ಕೆದರುತ್ತಲೇ, ಪುತ್ತರಿಯ (ಕೊಡಗಿನ ಸುಗ್ಗಿ ಹಬ್ಬ) ಹೊತ್ತಿಗೆ ತಮ್ಮನ್ನು ಊರಿಗೆ ತಂದು ಬಿಡುವುದಾದರೆ ಮಾತ್ರ ಬರುವುದಾಗಿ ಹೇಳಿದರು. ಆದ್ದರಿಂದ ಸಾಮಾನ್ಯ ಸಂದರ್ಶಕ ವೀಸಾಕ್ಕೇ ಅರ್ಜಿ ಹಾಕಲು ನಿರ್ಧರಿಸಿದ್ದೇವೆ. ಆಹ್ವಾನ ಪತ್ರಕ್ಕೆ ನಾವಿಬ್ಬರೂ ಸಹಿ ಮಾಡುತ್ತೇವೆ.

ಈಗ ಹೊಸದೊಂದು ಗಂಟು. ಪತ್ನಿಯ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರಿನ ಜಾಗದಲ್ಲಿ ಅತ್ತೆಯವರನ್ನು ಮನೆಯಲ್ಲಿ ಕರೆಯುವ ಹೆಸರಿದೆ, ಪಾಸ್‌ಪೋರ್ಟಿನಲ್ಲಿ ಬೇರೆ. ಪತ್ನಿಯ ಪಾಸ್‌ಪೋರ್ಟಿನಲ್ಲಿರುವುದು ಮದುವೆಯ ನಂತರದ ನಮ್ಮ ಮನೆತನದ ಹೆಸರು. ಕಾಗದದ ಮೇಲೆ ಇವರಿಬ್ಬರೂ ತಾಯಿ ಮಗಳೆಂದು ಹೇಳುವುದು ಹೇಗೆ?

ಪೊನ್ನಂಪೇಟೆ ಅಕ್ಕ:

ಇದು ನಮ್ಮಲ್ಲಿ ಮನೆಮನೆಯ ಕಥೆ. ಪತ್ನಿಯ ವಿವಾಹ ಪ್ರಮಾಣಪತ್ರ ಒಂದು ಕೊಂಡಿ. ಅವರ ಹತ್ತನೆಯ ತರಗತಿಯ ಅಂಕಪಟ್ಟಿಯಲ್ಲಿ ತಾಯಿಯ ಹೆಸರಿದ್ದರೆ ಅದು ಇನ್ನೊಂದು. ಎರಡೂ ಹೆಸರು ಒಬ್ಬರದ್ದೇ ಎಂದು ಅತ್ತೆಯವರು ನೋಟರಿಯ ಮುಂದೆ ಅಫಿಡವಿಟ್ ಮಾಡಲಿ. ಅವರ ಹಳೆಯ ಪಾಸ್‌ಪೋರ್ಟ್ ಇದ್ದರೆ ಅದರ ಕೊನೆಯ ಪುಟವನ್ನೂ ನೋಡಿ, ಮಾವನವರ ಹೆಸರು ಅಲ್ಲಿ ಇರುತ್ತದೆ. ಪತ್ನಿಯ ಜನನ ಪ್ರಮಾಣಪತ್ರದಲ್ಲಿ ತಂದೆಯೆಂದು ಅದೇ ಹೆಸರಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.