ಅಪ್ಪಾಜಿ ಕೂಡೋದು ಹಿಂದಿನ ಸೀಟಿನಾಗ: ಎಸ್ ಕ್ಲಾಸೋ, 7 ಸೀರೀಸೋ?

ಹುಬ್ಬಳ್ಳಿಯಿಂದ, ಕೇಳಿದ್ದು

ನಮಸ್ಕಾರ್ರಿ ಎಲ್ಲಾರಿಗೂ. ನಮ್ಮಪ್ಪಾಜಿಗೆ ಈಗ 72. ನಲವತ್ತು ವರ್ಷ ಅಂಗಡಿ ನಡೆಸ್ಯಾರ. ಅಂಬಾಸಿಡರ್‌ನಿಂದ ಹಿಡಿದು ಇನ್ನೋವಾ ತನಕ ಎಲ್ಲಾ ಗಾಡಿ ತಾವೇ ಹೊಡದಾರ. ಹೋದ ವರ್ಷ ಎಡಗಾಲಿನ ಮೊಣಕಾಲು ಆಪರೇಶನ್ ಆತು, ಅವಾಗಿಂದ ಹಿಂದಿನ ಸೀಟಿನಾಗ ಕೂಡ್ತಾರ. ತಿಂಗಳಿಗೆ ಎರಡು ಸಲ ಬೆಂಗಳೂರಿಗೆ ಹೋಗಿ ಬರೋದು ಇದ್ದ ಐತಿ, ಒಂದು ಕಡೆಗೇ 400 ಕಿಲೋಮೀಟರ್ ಮ್ಯಾಲೆ.

ನಾನೂ ನಮ್ಮಣ್ಣನೂ ಸೇರಿ ಅವರಿಗೊಂದು ಛಲೋ ಗಾಡಿ ಕೊಡಸ್ಬೇಕಂತ ಮಾಡೀವಿ. ಬೆಂಗಳೂರಾಗ ಎರಡು ಸೆಕೆಂಡ್ ಹ್ಯಾಂಡ್ ಗಾಡಿ ನೋಡಿ ಬಂದೀವಿ, ಎರಡೂ 2023ರವು. ಒಂದು ಮರ್ಸಿಡಿಸ್ ಎಸ್ ಕ್ಲಾಸಿನ ಎಸ್ 350ಡಿ, ಇನ್ನೊಂದು ಬಿಎಂಡಬ್ಲ್ಯೂ 7 ಸೀರೀಸಿನ 740ಐ. ಇಂಜಿನ್ನು, ಮೈಲೇಜು, ಸರ್ವಿಸ್ ಖರ್ಚು ಎಲ್ಲಾ ಅಣ್ಣ ವಿಚಾರಿಸ್ಯಾನ. ನಾ ಕೇಳೋದು ಬ್ಯಾರೆ. ನೋಡಾಕ ಯಾವುದು ಚಂದ, ಒಳಗ ಐದಾರು ತಾಸು ಕೂಡಾಕ ಯಾವುದು ಚಂದ? ಅಪ್ಪಾಜಿ ತಮಗ ತ್ರಾಸ ಆದ್ರೂ ಬಾಯಿ ಬಿಟ್ಟು ಹೇಳೋರಲ್ಲ. ಅದಕ್ಕ ಇವನ್ನ ಬಳಸಿದವರನ್ನೇ ಕೇಳಾಕತ್ತೀನಿ.

ಮೈಸೂರಿನಿಂದ

ನಮ್ಮ ಮನೇಲಿ ಎರಡೂ ಇವೆ. ಮಾವನವರದ್ದು 740ಐ, ನಮ್ಮ ಯಜಮಾನರ ಕೆಲಸದ ಓಡಾಟಕ್ಕೆ ಎಸ್ ಕ್ಲಾಸ್. ಎರಡರಲ್ಲೂ ನಾನು ಹಿಂದೆ ಕೂತೇ ಹೆಚ್ಚು ಓಡಾಡಿದ್ದೇನೆ, ಹಾಗಾಗಿ ನಿಮ್ಮ ಪ್ರಶ್ನೆ ನನಗೆ ಚೆನ್ನಾಗಿ ಅರ್ಥವಾಯಿತು.

ಹೊರಗಿನ ಅಂದದ ಮಾತು ಮೊದಲು. ಎಸ್ ಕ್ಲಾಸನ್ನು ಎದುರಿನಿಂದ ನೋಡಬೇಡಿ, ಪಕ್ಕದಲ್ಲಿ ಹತ್ತು ಹೆಜ್ಜೆ ದೂರ ನಿಂತು ನೋಡಿ. ಮುಂದಿನ ದೀಪದ ಹತ್ತಿರ ಹೊರಟ ಗೆರೆ ಎಲ್ಲೂ ತಡವರಿಸದೆ ಹಿಂದಕ್ಕೆ ಮೆಲ್ಲಗೆ ಇಳಿದುಕೊಂಡು ಹೋಗುತ್ತದೆ. ಬಾಗಿಲ ಹಿಡಿಗಳು ಮೈಯೊಳಗೆ ಸೇರಿಕೊಂಡಿರುತ್ತವೆ, ಕೀಲಿ ಹಿಡಿದು ಹತ್ತಿರ ಹೋದರೆ ತಾವಾಗಿ ಹೊರಗೆ ಬರುತ್ತವೆ. ಬಾನೆಟ್ಟಿನ ಮೇಲೆ ನಕ್ಷತ್ರ ಇನ್ನೂ ನಿಂತೇ ಇದೆ. ಅಷ್ಟು ದೊಡ್ಡ ಗಾಡಿ, ಆದರೂ ಮನೆ ಮುಂದೆ ನಿಂತರೆ ಕಣ್ಣಿಗೆ ಭಾರ ಅನ್ನಿಸುವುದಿಲ್ಲ.

7 ಸೀರೀಸ್ ಅದಕ್ಕೆ ಪೂರ್ತಿ ಎದುರು. ಅದರ ಮುಖ ನೋಡಿದವರು ಇಷ್ಟಪಡುತ್ತಾರೆ, ಇಲ್ಲವೇ ಬೇಡ ಅನ್ನುತ್ತಾರೆ, ನಡುವೆ ನಿಂತವರನ್ನು ನಾನು ಕಂಡಿಲ್ಲ. ದೀಪವನ್ನು ಎರಡು ಭಾಗ ಮಾಡಿದ್ದಾರೆ. ಮೇಲಿನ ತೆಳು ಪಟ್ಟಿ ಹಗಲು ದೀಪ ಮತ್ತು ಇಂಡಿಕೇಟರಿಗೆ, ನಿಜವಾದ ಹೆಡ್‌ಲೈಟು ಅದರ ಕೆಳಗೆ ಕಪ್ಪಿನಲ್ಲಿ ಅಡಗಿಕೊಂಡಿದೆ. ಮುಂದಿನ ಜೋಡಿ ಜಾಲರಿ, ಅಂದರೆ ಕಿಡ್ನಿ ಗ್ರಿಲ್, 1933ರ 303 ಮಾದರಿಯಿಂದ ಬಿಎಂಡಬ್ಲ್ಯೂ ಮನೆತನದ ಗುರುತು, ಇಲ್ಲಿ ಅದು ತುಂಬ ದೊಡ್ಡದಾಗಿದೆ, ರಾತ್ರಿ ಅದರ ಅಂಚು ಬೆಳಗುತ್ತದೆ ಕೂಡ. ನನಗೆ ಮೊದಲ ಆರು ತಿಂಗಳು ಒಗ್ಗಲಿಲ್ಲ. ಈಗಲೂ ಕಪ್ಪು ಬಣ್ಣದಲ್ಲಿ ಮಾತ್ರ ಇಷ್ಟ, ಏಕೆಂದರೆ ಕಪ್ಪಿನಲ್ಲಿ ಆ ಎರಡು ದೀಪ ಒಂದರೊಳಗೊಂದು ಕರಗಿಹೋಗುತ್ತವೆ. ನೀವು ನೋಡಿದ್ದು ಬಿಳಿಯದಾದರೆ ಇನ್ನೊಮ್ಮೆ ಹೋಗಿ ನಿಧಾನವಾಗಿ ನೋಡಿ ಬನ್ನಿ.

ಒಳಗೆ ಬಂದರೆ ಲೆಕ್ಕ ಬದಲಾಗುತ್ತದೆ. ಎಸ್ ಕ್ಲಾಸಿನ ಮುಂಭಾಗದಲ್ಲಿ 12.8 ಇಂಚಿನ ಪರದೆ ನಿಮಗೆ ಕಾಣುತ್ತದೆ, ಅದರ ಮೇಲೆ ಎ.ಸಿ. ಗಾಳಿಕಂಡಿಗಳು ಸಾಲಾಗಿವೆ, ಸುತ್ತ ಮರದ ಹೊದಿಕೆ. ಹಿಂದಿನ ಸೀಟಿನಲ್ಲಿ ತಲೆದಿಂಬಿನ ಮೇಲೊಂದು ಮೆತ್ತನೆ ದಿಂಬು. ಸೀಟು ಹಿಂದಕ್ಕೂ ಮುಂದಕ್ಕೂ ಆಗಬೇಕಾದರೆ ಬಾಗಿಲ ಮೇಲೆ ಸೀಟಿನ ಆಕಾರದ್ದೇ ಸ್ವಿಚ್ಚಿದೆ. ಬೆನ್ನು ಒರಗಬೇಕೇ, ಆ ಪುಟ್ಟ ಬೆನ್ನನ್ನು ಹಿಂದಕ್ಕೆ ಒತ್ತಿದರಾಯಿತು. ಮರ್ಸಿಡಿಸ್‌ನವರು ಇದನ್ನು 1980ರ ದಶಕದಿಂದ ಉಳಿಸಿಕೊಂಡು ಬಂದಿದ್ದಾರೆ. ನಮ್ಮ ಅತ್ತೆಗೆ ಯಾರೂ ಹೇಳಿಕೊಡಬೇಕಾಗಲಿಲ್ಲ.

7ರಲ್ಲಿ ಆ ಕೆಲಸವೆಲ್ಲ ಹಿಂದಿನ ಬಾಗಿಲಲ್ಲಿರುವ 5.5 ಇಂಚಿನ ಟಚ್ ಪರದೆಗೆ ಹೋಗಿದೆ. ಕಿಟಕಿ ಪರದೆ, ಎ.ಸಿ., ಸೀಟು, ಎಲ್ಲವೂ ಅದರಲ್ಲೇ. ಕನ್ನಡಕ ತೆಗೆದಿಟ್ಟು ಮಲಗುವ ಹಿರಿಯರಿಗೆ ಕತ್ತಲಲ್ಲಿ ಅದರೊಳಗೆ ಹುಡುಕುವುದು ಕಷ್ಟ. ಮುಂಭಾಗದಲ್ಲಿ ಬಾಗಿಲಿನಿಂದ ಬಾಗಿಲಿಗೆ ಒಂದು ಹರಳು ಕೆತ್ತಿದಂಥ ಪಟ್ಟಿ ಹಾದುಹೋಗುತ್ತದೆ, ಸಂಜೆ ಹೊತ್ತು ಅದರ ಬಣ್ಣ ನೋಡಲು ನಿಜಕ್ಕೂ ಸೊಗಸು. ಎ.ಸಿ. ಕಂಡಿಗಳು ಎಲ್ಲಿವೆ ಅಂತಲೇ ಗೊತ್ತಾಗದ ಹಾಗೆ ಮರೆಮಾಡಿದ್ದಾರೆ. ಸೀಟಿಗೆ ಕ್ಯಾಶ್ಮೀರ್ ಉಣ್ಣೆ ಸೇರಿದ ಬಟ್ಟೆ ಹಾಕಿದ ಗಾಡಿಗಳೂ ಇವೆ. ಅಂಥದು ಸಿಕ್ಕರೆ ಬಿಡಬೇಡಿ, ನಮ್ಮ ಬಿಸಿಲಿಗೆ ಚರ್ಮಕ್ಕಿಂತ ಅದೇ ಹಿತ.

ನನ್ನನ್ನು ಕೇಳಿದರೆ ನೋಡಲು ಎಸ್ ಕ್ಲಾಸ್, ಮಲಗಿಕೊಂಡು ಹೋಗಲೂ ಎಸ್ ಕ್ಲಾಸ್. ಆದರೆ ನಮ್ಮ ಮಾವನವರು ಹತ್ತಿ ಇಳಿಯಲು ಇವತ್ತಿಗೂ 7ನ್ನೇ ಕೇಳುತ್ತಾರೆ. ಅದು ಎತ್ತರದ ಗಾಡಿ, 1544 ಮಿಲಿಮೀಟರ್. ಎಸ್ ಕ್ಲಾಸ್ 1503. ನಾಲ್ಕು ಸೆಂಟಿಮೀಟರ್ ಅಂದರೆ ಕಾಗದದ ಮೇಲೆ ಏನೂ ಅಲ್ಲ, ನೋಯುವ ಮೊಣಕಾಲಿಗೆ ಮಾತ್ರ ಗೊತ್ತಾಗುತ್ತದೆ.

ಬೆಂಗಳೂರಿನಿಂದ, ಚಾಲಕರೊಬ್ಬರು

ಮೇಡಂ, ನಾನು ಹದಿನಾಲ್ಕು ವರ್ಷದಿಂದ ಇಂಥಾ ಗಾಡಿಗಳನ್ನೇ ಓಡಿಸ್ತಾ ಇದೀನಿ. ಮೈಸೂರಿನವರು ಎತ್ತರದ ವಿಷಯ ಹೇಳಿದ್ರು, ಅದಕ್ಕೆ ಇನ್ನೊಂದು ಮಾತು ಸೇರಿಸ್ತೀನಿ. ನಿಮ್ಮ ತಂದೆಯವರಿಗೆ ಎಡಗಾಲು ಅಂದ್ರಿ. ಕಾಲು ಚಾಚಿ ಒರಗೋ ಸೀಟು ನಮ್ಮಲ್ಲಿ ಹಿಂದೆ ಎಡಗಡೆ ಇರುತ್ತೆ, ಯಾಕಂದ್ರೆ ಮುಂದಿನ ಎಡ ಸೀಟನ್ನ ಪೂರ್ತಿ ಮುಂದಕ್ಕೆ ತಳ್ಳಿ ಜಾಗ ಮಾಡೋದು. ಎಡ ಬಾಗಿಲಲ್ಲಿ ಹತ್ತುವಾಗ ಎಲ್ಲರೂ ಬಲಗಾಲನ್ನೇ ಮೊದಲು ಒಳಗೆ ಇಡ್ತಾರೆ. ಆಗ ಮೈ ಭಾರ ಎಲ್ಲಾ ಹೊರಗೆ ನಿಂತಿರೋ ಎಡಗಾಲ ಮೇಲೆ. ಅಪ್ಪೋರಿಗೆ ಹೇಳಿ, ಬೆನ್ನು ಗಾಡಿ ಕಡೆ ಮಾಡಿ ಮೊದಲು ಸೀಟಿನ ಮೇಲೆ ಕೂರಲಿ, ಆಮೇಲೆ ಎರಡೂ ಕಾಲು ಒಟ್ಟಿಗೆ ಒಳಗೆ ತಿರುಗಿಸಲಿ. ನಮ್ಮ ಸಾಹೇಬ್ರ ತಾಯಿಗೆ ನಾನೇ ಹೀಗೆ ರೂಢಿ ಮಾಡಿಸಿದ್ದು.

ಹಾಗೆ ಕೂರ್ಬೇಕಾದ್ರೆ ಬಾಗಿಲು ಪೂರ್ತಿ ತೆಗೆದು ನಿಂತಿರ್ಬೇಕು. 7ರಲ್ಲಿ ಆಟೋಮ್ಯಾಟಿಕ್ ಬಾಗಿಲು ಹಾಕಿದ್ರೆ ಬಟನ್ ಒತ್ತಿದ್ರೆ ತಾನೇ ತೆಗೆಯುತ್ತೆ, ತಾನೇ ಹಾಕಿಕೊಳ್ಳುತ್ತೆ, ಪಕ್ಕದಲ್ಲಿ ಏನಾದ್ರೂ ಅಡ್ಡ ಇದ್ರೆ ನಿಲ್ಲುತ್ತೆ. ನೀವು ನೋಡಿದ ಗಾಡಿಲಿ ಅದಿದೆಯಾ, ಕಾಲು ಇಡೋ ಸೀಟು ಇದೆಯಾ, ಎರಡನ್ನೂ ನಿಂತು ಪರೀಕ್ಷೆ ಮಾಡಿ. ಸೆಕೆಂಡ್ ಹ್ಯಾಂಡಲ್ಲಿ ಒಂದೊಂದು ಗಾಡಿ ಒಂದೊಂದು ಥರ.

7ರ ಮೇಲ್ಛಾವಣಿಯಿಂದ ಇಳಿಯೋ 31.3 ಇಂಚಿನ ಪರದೆ ಬಗ್ಗೆ ಶೋರೂಮಲ್ಲಿ ಬಹಳ ಹೇಳ್ತಾರೆ. ಅದು ಇಳಿದ್ರೆ ಸುತ್ತ ಕಿಟಕಿ ಪರದೆಯೂ ಮುಚ್ಚಿಕೊಂಡು ಒಳಗೆ ಥಿಯೇಟರ್ ಥರಾನೇ ಆಗುತ್ತೆ, ಮಕ್ಕಳಿಗೆ ಖುಷಿ. ಆದ್ರೆ ಓಡಿಸೋನಿಗೆ ಒಳಗಿನ ಕನ್ನಡೀಲಿ ಹಿಂದಿನ ರಸ್ತೆ ಕಾಣಲ್ಲ, ಎರಡು ಸೈಡ್ ಮಿರರೇ ಗತಿ. ತುಮಕೂರು ರಸ್ತೇಲಿ ಲಾರಿಗಳ ಮಧ್ಯೆ ನಾನು ಸಾಹೇಬ್ರಿಗೆ ಹೇಳಿ ಅದನ್ನ ಮೇಲೆತ್ತಿಸ್ತೀನಿ. ತಂದೆಯವರು ತಾವೇ ಗಾಡಿ ಓಡಿಸಿದವರು ಅಂತೀರಿ, ಮುಂದಿನ ರಸ್ತೆ ಕಾಣದೆ ಕೂರೋದು ಅವರಿಗೆ ಹಿಡಿಸುತ್ತಾ, ಕೇಳಿ ನೋಡಿ.

ಇನ್ನು ಉದ್ದ. 7 ಸೀರೀಸ್ 5391 ಮಿಲಿಮೀಟರ್, ಎಸ್ ಕ್ಲಾಸ್ 5289. ಹಳೇ ಮನೆ ಪೋರ್ಚು ಆದ್ರೆ ಟೇಪ್ ಹಿಡಿದು ಅಳೀರಿ. ತಿರುಗಿಸೋಕೆ ಎಸ್ ಕ್ಲಾಸೇ ಸುಲಭ, ಹಿಂದಿನ ಚಕ್ರ 10 ಡಿಗ್ರಿ ತಿರುಗೋ ಗಾಡಿ ಆದ್ರೆ ಸಣ್ಣ ಗಲ್ಲೀಲೂ ಒಂದೇ ಸಲಕ್ಕೆ ಬರುತ್ತೆ.

ಆಯುಧಪೂಜೆ ದಿನ ಒಂದು ನೆನಪಿರಲಿ. ಗ್ರಿಲ್ಲಿನಲ್ಲಿ ಕ್ಯಾಮೆರಾ, ರೇಡಾರ್ ಎಲ್ಲಾ ಇರುತ್ತೆ. ಹಾರ ಹಾಕಿ ಪೂಜೆ ಮಾಡಿ, ನಿಂಬೆಹಣ್ಣಿನ ಮೇಲೆ ಹತ್ತಿಸಿ, ಹೈವೇಗೆ ಹೋಗೋ ಮುಂಚೆ ಹಾರ ತೆಗೆದುಬಿಡಿ.

ಬೆಳಗಾವಿಯಿಂದ

ನಾನು ಬಳಸೋದು ಆಡಿ ಎ8 ಎಲ್, 2022ರದು. ನೀವು ಕೇಳಿದ ಎರಡರಲ್ಲಿ ಇದಿಲ್ಲ, ಆದ್ರೂ ಹೇಳ್ತೀನಿ. ಹೊರಗಿನ ನೋಟದಲ್ಲಿ ಮೂರರಲ್ಲಿ ಆಡಂಬರ ಕಡಿಮೆ ಇರೋದು ಇದೇ. ಎಡ ಹಿಂದಿನ ಸೀಟಿನ ಮುಂದೆ ಪಾದ ಬಿಸಿ ಮಾಡಿ ಒತ್ತಿಕೊಡುವ ಸೌಲಭ್ಯವಿರುವ ಗಾಡಿ ಸಿಗುತ್ತೆ, ವಯಸ್ಸಾದವರಿಗೆ ಅದು ಬಹಳ ಸುಖ. ಆದ್ರೆ ಮುಂದಿನ ಹಿಂದಿನ ಚಕ್ರದ ನಡುವಿನ ಅಂತರ 3128 ಮಿಲಿಮೀಟರ್, ಉಳಿದೆರಡರಲ್ಲಿ 3215ರ ಆಸುಪಾಸು. ಆ ಎಂಟೊಂಬತ್ತು ಸೆಂಟಿಮೀಟರ್ ಮೊಣಕಾಲಿನ ಮುಂದೆಯೇ ಕಡಿಮೆಯಾಗುತ್ತೆ. ನಿಮ್ಮ ತಂದೆಯವರ ವಿಷಯದಲ್ಲಿ ನಾನು ಇದನ್ನ ಹೇಳೋದಿಲ್ಲ.

ಬೆಂಗಳೂರು, ಜೆ.ಸಿ. ರಸ್ತೆಯಿಂದ

ಸೀಟು ಕೆಲಸ ನಮ್ಮ ತಂದೆ ಕಾಲದಿಂದ ಮಾಡ್ತಾ ಬಂದಿದೀವಿ. ಯಾವ ಕಂಪನಿ ಅಂತ ನಾನು ಹೇಳಲ್ಲ, ಒಳಗಿನ ಬಣ್ಣ ಯಾವುದು ಅಂತ ಮೊದಲು ನೋಡಿ. ಬಿಳಿ, ಕೆನೆ ಬಣ್ಣದ ಚರ್ಮ ಫೋಟೋದಲ್ಲಿ ಅರಮನೆ ಥರ ಕಾಣುತ್ತೆ. ಎರಡು ವರ್ಷದಲ್ಲಿ ಜೀನ್ಸ್ ಪ್ಯಾಂಟಿನ ನೀಲಿ ಸೀಟಿನ ಅಂಚಿಗೆ ಹತ್ತುತ್ತೆ, ತಲೆದಿಂಬಿಗೆ ಕೊಬ್ಬರಿ ಎಣ್ಣೆ ಇಳಿಯುತ್ತೆ, ಎಡಬದಿ ಬಾಗಿಲ ಒರಗುಗೈಗೆ ಕುಂಕುಮ. ಎಣ್ಣೆ ಒಮ್ಮೆ ಚರ್ಮದೊಳಗೆ ಇಳಿದ್ರೆ ಪೂರ್ತಿ ತೆಗೆಯೋಕಾಗಲ್ಲ. ಪೂರಾ ಕಪ್ಪು ಬಿಸಿಲಲ್ಲಿ ಕಾಯುತ್ತೆ. ಕಂದು ಬಣ್ಣ ಸಿಕ್ಕರೆ ಕಣ್ಣುಮುಚ್ಚಿ ತಗೊಳ್ಳಿ.

ಮಿರಿಮಿರಿ ಕಪ್ಪು ಪ್ಲಾಸ್ಟಿಕ್ ಇರೋ ಕಡೆ ಬೆರಳಚ್ಚು ಕಾಣುತ್ತೆ, ಒಣ ಬಟ್ಟೇಲಿ ಒರೆಸಿದ್ರೆ ಕೂದಲೆಳೆ ಗೀರು ಬೀಳುತ್ತೆ. ಮ್ಯಾಟ್ ಮರ ಇರೋದನ್ನೇ ಹುಡುಕಿ.

ದಯವಿಟ್ಟು ಈ ಗಾಡಿಗಳಿಗೆ ಸೀಟ್ ಕವರ್ ಹಾಕಿಸ್ಬೇಡಿ, ನನ್ನ ಹತ್ರ ಬಂದ್ರೂ ನಾನು ಹಾಕಲ್ಲ. ಚರ್ಮದ ಸಣ್ಣ ತೂತುಗಳಿಂದ ತಂಪು ಗಾಳಿ ಬರೋದು, ಅದು ಮುಚ್ಚಿಹೋಗುತ್ತೆ. ಸೀಟಿನ ಪಕ್ಕದಲ್ಲಿ ಏರ್‌ಬ್ಯಾಗ್ ಇದ್ರೆ ಅದು ಬಿಚ್ಚಿಕೊಳ್ಳೋಕೂ ತೊಂದರೆ. ತಲೆ ಇಡೋ ಕಡೆ ಒಗೆಯೋಕೆ ಬರೋ ತೆಳು ಹತ್ತಿ ಬಟ್ಟೆ ಸಾಕು.

ಜರ್ಮನಿಯ ಸ್ಟುಟ್‌ಗಾರ್ಟ್‌ನಿಂದ

ಎರಡು ಗಾಡಿಗಳ ರೂಪ ಇಷ್ಟು ಬೇರೆಯಾಗಲು ಕಾರಣವಿದೆ. ಈ ದರ್ಜೆಯ ಗಾಡಿಗಳ ದೊಡ್ಡ ಗಿರಾಕಿ ಚೀನಾ. ಅಲ್ಲೂ ನಮ್ಮ ಹಾಗೆಯೇ ಯಜಮಾನ ಹಿಂದೆ ಕೂರುತ್ತಾನೆ. 2022ರಲ್ಲಿ ಈಗಿನ 7 ಸೀರೀಸ್ ಬಂದಾಗ ಬಿಎಂಡಬ್ಲ್ಯೂ ಗಿಡ್ಡ ಆವೃತ್ತಿಯನ್ನು ಕೈಬಿಟ್ಟು ಉದ್ದದ್ದನ್ನು ಮಾತ್ರ ಉಳಿಸಿತು. ಅದೇ ಮೈಯಲ್ಲಿ ಪೆಟ್ರೋಲ್, ಡೀಸೆಲ್ ಜೊತೆಗೆ ಐ7 ಎಂಬ ವಿದ್ಯುತ್ ಗಾಡಿಯೂ ಬರಬೇಕು. ನೆಲದಡಿ ಬ್ಯಾಟರಿಗೆ ಜಾಗ ಬಿಟ್ಟದ್ದರಿಂದ ಗಾಡಿ ಎತ್ತರವಾಯಿತು. ಮೈಸೂರಿನವರ ಮಾವನವರಿಗೆ ಸಲೀಸಾದದ್ದು ಆ ಎತ್ತರ. ಮರ್ಸಿಡಿಸ್ ವಿದ್ಯುತ್ ಗಾಡಿಗೆ ಇಕ್ಯೂಎಸ್ ಅಂತ ಬೇರೆಯೇ ಮೈ ಮಾಡಿತು, 2020ರಲ್ಲಿ ಬಂದ ಎಸ್ ಕ್ಲಾಸ್ ತಗ್ಗಾಗಿಯೇ ಉಳಿಯಿತು. ಆ ತಗ್ಗಿನಿಂದಲೇ ಅದರ ಗೆರೆಗೆ ಅಷ್ಟು ಅಂದ.

7ರ ಮುಖ ಹಿಡಿಸದವರಿಗೆ ಒಂದು ಮಾತು. 2001ರ 7 ಸೀರೀಸಿನ ಡಿಕ್ಕಿಯ ಮುಚ್ಚಳ ನೋಡಿ ಜನ ಇದಕ್ಕಿಂತ ಹೆಚ್ಚು ಸಿಟ್ಟಾಗಿದ್ದರು. ಆ ಗಾಡಿ ಮುಂದೆ ಚೆನ್ನಾಗಿಯೇ ಮಾರಾಟವಾಯಿತು. ಕಣ್ಣು ಒಗ್ಗಿಕೊಳ್ಳುತ್ತದೆ, ಮೊಣಕಾಲು ಒಗ್ಗಿಕೊಳ್ಳುವುದಿಲ್ಲ.

ಹುಬ್ಬಳ್ಳಿಯಿಂದ, ಮತ್ತ ಬರದದ್ದು

ಎಲ್ಲಾರಿಗೂ ಮನಸಾರೆ ನೆನೀತೀನ್ರಿ. ಶನಿವಾರ ಅಪ್ಪಾಜಿನ್ನ ಕರ್ಕೊಂಡು ಹೋಗಿದ್ವಿ. ಚಾಲಕರು ಹೇಳಿದಂಗ ಬೆನ್ನು ಮಾಡಿ ಕೂಡೋದು ಮನಿಯಾಗ ಖುರ್ಚಿ ಮ್ಯಾಲೆ ಮೊದಲ ಕಲಸಿದ್ದೆ.

ಎಸ್ ಕ್ಲಾಸ್ ಸುತ್ತ ಅಪ್ಪಾಜಿ ಎರಡು ಸಲ ತಿರುಗಿ, ಹಿಂದಿನ ಚಕ್ರದ ಮ್ಯಾಲಿನ ತಗಡಿಗೆ ಕೈ ಆಡಿಸಿ ನೋಡಿದ್ರು. ಒಳಗ ಕುಂತು ಆ ಸೀಟಿನ ಆಕಾರದ ಸ್ವಿಚ್ ತಾವೇ ಒತ್ತಿ ಒರಗಿದ್ರು. ಇಳಿಯೋ ಮುಂದ ಮಾತ್ರ ನನ್ನ ಭುಜ ಹಿಡದ್ರು. ಎರಡನೇ ಸಲನೂ ಹಿಡದ್ರು. 7ರಾಗ ಮೂರು ಸಲ ಹತ್ತಿ ಇಳಿಸಿದ್ವಿ, ಮೂರು ಸಲನೂ ತಾವೇ ಎದ್ದು ನಿಂತ್ರು. ಶೋರೂಮಿನ ಹುಡುಗ ಪರದೆ ಇಳಿಸಿದ, ಕಿಟಕಿ ಮುಚ್ಚಿದ್ವು. ಅಪ್ಪಾಜಿ ಅಂದ್ರು, "ಏ ತಮ್ಮಾ, ಅದನ್ನ ತಗಿಯಪ್ಪಾ, ರಸ್ತೆ ಕಾಣವಲ್ದು."

740ಐ ತಗೊಳಾಕತ್ತೀವಿ, ಪರದೆ ಮ್ಯಾಲೇ ಇರಲಿ. ಒಳಗ ಕಂದು ಬಣ್ಣ, ಬಾಗಿಲು ತಾನೇ ತೆಗಿಯೋದು ಐತಿ, ಹೊರಗ ಕಪ್ಪು. ಬಾಗಿಲ ಟಚ್ ಪರದೆ ಅಪ್ಪಾಜಿಗೆ ನಾ ಕಲಸ್ತೀನಿ. ನಿನ್ನೆ ಪೋರ್ಚ್ ಅಳತಿ ತಗೊಂಡ್ವಿ, ಗ್ವಾಡಿಯಿಂದ ಗೇಟಿಗೆ 5 ಮೀಟರ್ 60. ಅಣ್ಣ ತುಳಸಿ ಕಟ್ಟಿ ಒಂದು ಮಾರು ಸರಿಸಬೇಕೇನಂತ ಕೇಳಿದ, ಅವ್ವ ಬ್ಯಾಡ ಅಂದ್ಲು. ಗಾಡಿ ಹಿಂದ್ಮುಂದ ಮಾಡಿ ನಿಲ್ಲಿಸಿದ್ರ ಗೇಟು ಮುಚ್ಚತೈತಿ.