38,000ಕ್ಕೆ ಕಾಶ್ಮೀರಿ ರೇಷ್ಮೆ ಕಾರ್ಪೆಟ್ ಕೊಡ್ತಾರಂತೆ, ನಿಜವಾದದ್ದಾ?

ತೀರ್ಥಹಳ್ಳಿ ಹುಡುಗ:
ಶಿವಮೊಗ್ಗದಲ್ಲಿ ಒಂದು ಪ್ರದರ್ಶನ-ಮಾರಾಟ ನಡೀತಾ ಇದೆ. ಅಲ್ಲಿ ನಾಲ್ಕು ಅಡಿ ಅಗಲ, ಆರು ಅಡಿ ಉದ್ದದ ಒಂದು ಕಾರ್ಪೆಟ್ ಅಮ್ಮನಿಗೆ ತುಂಬಾ ಹಿಡಿಸಿದೆ. ಪೂರ್ತಿ ರೇಷ್ಮೆ, ಕಾಶ್ಮೀರದಲ್ಲಿ ಕೈಯಲ್ಲೇ ಗಂಟು ಹಾಕಿ ನೇಯ್ದದ್ದು, ಚದರ ಇಂಚಿಗೆ 324 ಗಂಟು ಅಂತಾರೆ. 70,000 ಹೇಳಿದವರು ನಾವು ಹೊರಡೋ ಹೊತ್ತಿಗೆ 38,000ಕ್ಕೆ ಇಳಿದರು. ಸರ್ಟಿಫಿಕೇಟ್ ಕೂಡ ಕೊಡ್ತಾರಂತೆ. ಭಾನುವಾರ ಕೊನೇ ದಿನ. ತಿಳಿದವರು ದಯವಿಟ್ಟು ಹೇಳಿ.

ಸಾಗರದ ಅಕ್ಕ:
ಕೆಲವು ವರ್ಷ ಬೆಂಗಳೂರಲ್ಲಿ ಕಾರ್ಪೆಟ್ ಅಂಗಡಿಯಲ್ಲಿ ಕೆಲಸ ಮಾಡಿದ್ದೇನೆ. ಮೊದಲು ತಿರುಗಿಸಿ ಹಿಂಭಾಗ ನೋಡಿ. ಬಟ್ಟೆ ಅಂಟಿಸಿದ್ದರೆ ಅದು ಟಫ್ಟೆಡ್. ಅಂದರೆ ಗನ್ನಿನಲ್ಲಿ ನೂಲು ಚುಚ್ಚಿ ಹಿಂದೆ ಗೋಂದು ಬಳಿದದ್ದು, ಗಂಟೇ ಇರುವುದಿಲ್ಲ. ಬಟ್ಟೆ ಇಲ್ಲದೆ ಮುಂದಿನ ಡಿಸೈನ್ ಹಿಂದೆಯೂ ಅಷ್ಟೇ ಸ್ಪಷ್ಟವಾಗಿದ್ದರೆ, ಸಾಲುಗಳು ಅಲ್ಲಲ್ಲಿ ಸ್ವಲ್ಪ ಸೊಟ್ಟಗಿದ್ದರೆ ಕೈಗಂಟಿನದು. ತುದಿಯ ಕುಚ್ಚು ಹಾಸಿನ (ಮಗ್ಗದಲ್ಲಿ ಉದ್ದಕ್ಕೆ ಎಳೆದು ಕಟ್ಟುವ) ನೂಲೇ ಮುಂದುವರಿದು ಬಂದಿರಬೇಕು, ಆಮೇಲೆ ಹೊಲಿದದ್ದಾಗಿರಬಾರದು.

ಆಮೇಲೆ ಹಿಂಭಾಗದಲ್ಲಿ ಒಂದು ಸ್ಕೇಲ್ ಇಟ್ಟು, ಅಡ್ಡಕ್ಕೆ ಒಂದಿಂಚು, ಉದ್ದಕ್ಕೆ ಒಂದಿಂಚು ಗಂಟು ಎಣಿಸಿ. 324 ಅಂದರೆ ಎರಡೂ ಕಡೆ 18 ಬರಬೇಕು. ನಿಮ್ಮ ಅಳತೆಗೆ ಆಗ ಒಟ್ಟು 11 ಲಕ್ಷಕ್ಕೂ ಜಾಸ್ತಿ ಗಂಟು. ಕೈ ಪಳಗಿದವರು ದಿನಕ್ಕೆ 8,000 ಹಾಕುತ್ತಾರೆ ಅಂತಲೇ ಇಟ್ಟುಕೊಂಡರೂ ಒಬ್ಬರಿಗೆ 140 ದಿನದ ಕೆಲಸ. 38,000ವನ್ನು ಅದರಿಂದ ಭಾಗಿಸಿದರೆ ದಿನಕ್ಕೆ 270 ರೂಪಾಯಿ ಚಿಲ್ಲರೆ. ಅದರಲ್ಲೇ ರೇಷ್ಮೆ, ಬಣ್ಣ, ಸಾಗಾಟ, ಅಂಗಡಿಯವರ ಲಾಭ ಎಲ್ಲ ಬರಬೇಕು. ನಮ್ಮ ಕಡೆ ತೋಟದ ಕೆಲಸಕ್ಕೂ ಈ ಕೂಲಿಗೆ ಯಾರೂ ಬರಲ್ಲ ಅಲ್ವಾ? ಒಂದೋ ಅವರು ಹೇಳುವ ಮಾಲು ಅದಲ್ಲ, ಇಲ್ಲಾ ನೇಯ್ದವರಿಗೆ ಏನೂ ಸಿಕ್ಕಿಲ್ಲ. ಎರಡೂ ನನಗೆ ಬೇಜಾರಿನ ವಿಷಯವೇ.

ಕೊಪ್ಪದವ:
ಸುಲಭದ ದಾರಿ ಇದೆ. ಕುಚ್ಚಿನಿಂದ ಒಂದು ಎಳೆ ಕಿತ್ತು ಸುಟ್ಟು ನೋಡಿ. ಕೂದಲು ಸುಟ್ಟ ವಾಸನೆ ಬಂದರೆ ರೇಷ್ಮೆ, ಕಾಗದ ಸುಟ್ಟ ಹಾಗೆ ಬಂದರೆ ಡೂಪ್ಲಿಕೇಟ್.

ಸಾಗರದ ಅಕ್ಕ:
@ಕೊಪ್ಪದವ, ವಾಸನೆಯ ಲೆಕ್ಕ ಸರಿ, ಆದರೆ ಕುಚ್ಚಿನ ಎಳೆ ಬೇಡ. ಕಾಶ್ಮೀರದ ಒಳ್ಳೊಳ್ಳೆ ರೇಷ್ಮೆ ಕಾರ್ಪೆಟ್‌ಗಳಲ್ಲೂ ಎಷ್ಟೋ ಸಲ ಹಾಸು ಹತ್ತಿಯದೇ ಇರುತ್ತದೆ. ಕುಚ್ಚು ಸುಟ್ಟರೆ ಹತ್ತಿಯ ವಾಸನೆ ಬರುತ್ತದೆ, ಸುಮ್ನೆ ಒಳ್ಳೆ ಮಾಲನ್ನು ಡೂಪ್ಲಿಕೇಟ್ ಅಂದುಬಿಡುತ್ತೀರಿ. ಮೇಲ್ಮೈಯ ಎಳೆ ಒಂದೆರಡು ಕೊಡಿ ಅಂತ ಅಂಗಡಿಯವರನ್ನೇ ಕೇಳಿ. ಆರ್ಟ್ ಸಿಲ್ಕ್, ಬ್ಯಾಂಬೂ ಸಿಲ್ಕ್ ಅಂತ ಮಾರುವುದು ಸಾಮಾನ್ಯವಾಗಿ ವಿಸ್ಕೋಸ್, ಅಂದರೆ ಮರ, ಬಿದಿರಿನ ತಿರುಳಿನಿಂದ ಮಾಡುವ ಕೃತಕ ನೂಲು. ರೇಷ್ಮೆಗಿಂತ ಜಾಸ್ತಿ ಹೊಳೆಯುತ್ತದೆ, ನೀರು ಬಿದ್ದರೆ ಕಲೆ ನಿಲ್ಲುತ್ತದೆ.

ಸರ್ಟಿಫಿಕೇಟ್ ಅಂಗಡಿಯವರೇ ಪ್ರಿಂಟ್ ಹಾಕಿಸಿದ್ದಾದರೆ ಅದಕ್ಕೆ ಬೆಲೆ ಇಲ್ಲ. ಕಾಶ್ಮೀರದ ಕೈಗಂಟಿನ ಕಾರ್ಪೆಟ್‌ಗೆ ಜಿಐ (ಇಂಥ ಊರಿನದೇ ಮಾಲು ಅನ್ನುವ ಸರ್ಕಾರಿ ನೋಂದಣಿ) ಇದೆ, 2022ರಿಂದ ಕ್ಯೂಆರ್ ಕೋಡ್ ಇರುವ ಲೇಬಲ್ ಕೊಡುತ್ತಿದ್ದಾರೆ. ಅದಿದ್ದರೆ ನಿಮ್ಮ ಫೋನಿನಲ್ಲೇ ಸ್ಕ್ಯಾನ್ ಮಾಡಿ. ಲೇಬಲ್ ಇಲ್ಲದ್ದೆಲ್ಲ ಮೋಸ ಅಂತಲ್ಲ, ಆದರೆ ಆಗ ನಿಮ್ಮ ಕಣ್ಣನ್ನೇ ನಂಬಬೇಕು.

ತೀರ್ಥಹಳ್ಳಿ ಹುಡುಗ:
ಇವತ್ತು ಸ್ಕೇಲ್ ಹಿಡಿದುಕೊಂಡು ಹೋಗಿ ಬಂದೆ. ಹಿಂದೆ ಬಟ್ಟೆ ಇಲ್ಲ, ಡಿಸೈನ್ ಚೆನ್ನಾಗಿ ಕಾಣುತ್ತದೆ, ಕುಚ್ಚೂ ಒಳಗಿನಿಂದಲೇ ಬಂದಿದೆ. ಆದರೆ ಎರಡೂ ಕಡೆ 12 ಗಂಟು ಅಷ್ಟೇ. ಕ್ಯೂಆರ್ ಇಲ್ಲ. ಎಳೆ ಕೇಳಿದರೆ ಮಾತು ಬದಲಿಸಿದರು. ಅಮ್ಮ ಈಗಲೂ ತಗೋಳೋಣ ಅಂತಿದ್ದಾರೆ. ನಮ್ಮದು ಹಳೇ ಹೆಂಚಿನ ಮನೆ, ಮಳೆಗಾಲದಲ್ಲಿ ನೆಲವೆಲ್ಲ ಥಂಡಿ. ತಡೆಯುತ್ತಾ?

ಆಗುಂಬೆ ಘಾಟಿ:
ಮಾರಾಯ್ರೆ, ಆ ಮಳೆಗೆ ಕಂಬಳಿಗೇ ಬೂಷ್ಟು ಬರುತ್ತದೆ. ಜೂನ್ ಬಂದ ಕೂಡಲೇ ನೆಲದಿಂದ ಎತ್ತಲೇಬೇಕು. ಮಡಚಬೇಡಿ, ಸುತ್ತಿ, ಹಳೇ ಪಂಚೆ ಹೊದಿಸಿ ಅಟ್ಟದ ಮೇಲೆ ಇಡಿ. ಒಲೆಯ ಹೊಗೆ ತಾಗುವ ಕಡೆ ಬೇಡ. ಪ್ಲಾಸ್ಟಿಕ್ ಅಂತೂ ಬೇಡವೇ ಬೇಡ, ಒಳಗೆ ಪಸೆ ನಿಂತು ಕೊಳೆಯುತ್ತದೆ. ಹೊಳವಾದಾಗ ಬಿಚ್ಚಿ ಗಾಳಿಗೆ ಹಾಕಿ.
ನನ್ನ ಕೇಳಿದರೆ ದಿನಾ ಹಾಸಲು ನವಲಗುಂದದ ಜಮಖಾನ ತಗೊಳ್ಳಿ. ಅದಕ್ಕೂ ಜಿಐ ಇದೆ, ಹತ್ತಿಯದು, ಅಲ್ಲಿನ ಹೆಂಗಸರು ಮನೆಯಲ್ಲೇ ಮಗ್ಗ ಹಾಕಿ ನೇಯುತ್ತಾರೆ. ನವಿಲು, ಪಗಡೆ ಹಾಸಿನ ಡಿಸೈನ್ ನೋಡಿದರೆ ನಿಮ್ಮ ಅಮ್ಮನಿಗೂ ಇಷ್ಟ ಆಗಬಹುದು.

ಸಾಗರದ ಅಕ್ಕ:
12ಕ್ಕೆ 12 ಅಂದರೆ 144. ಹೇಳಿದ್ದರ ಅರ್ಧವೂ ಇಲ್ಲ. ಆದರೂ ಸುಮಾರು 5 ಲಕ್ಷ ಗಂಟನ್ನು ಯಾರೋ ಕೂತು ಹಾಕಿದ್ದಾರೆ, ಆ ಕೆಲಸ ನಿಜವಾದದ್ದೇ. ಸುಳ್ಳು ಇರುವುದು ಮಾರುವವರ ಮಾತಿನಲ್ಲಿ. ಅಮ್ಮನಿಗೆ ಬೇಕೇ ಬೇಕು ಅಂದರೆ ಬಿಲ್ಲಿನಲ್ಲಿ ಹೀಗೆ ಬರೆಸಿ: ಕೈಗಂಟಿನದು, ಚದರ ಇಂಚಿಗೆ 144, ಮೇಲ್ಮೈ ನೂಲು ಯಾವುದು, ಹಾಸು ಯಾವುದು, ನೇಯ್ದ ಊರು. ಭಾನುವಾರ ಕೊನೇ ದಿನ ಅನ್ನುವುದಕ್ಕೆ ಹೆದರಬೇಡಿ, ಇಂಥ ಮಾರಾಟ ಮತ್ತೆ ಬಂದೇ ಬರುತ್ತದೆ. ರೇಷ್ಮೆ ಅಂತ ಬರೆಯಲು ಹಿಂದೆ ಮುಂದೆ ನೋಡಿದರೆ ವಿಸ್ಕೋಸ್ ಅಂತಲೇ ತಿಳಿದು ದರ ಮಾತಾಡಿ. ನಾನಾಗಿದ್ದರೆ 38,000 ಖಂಡಿತ ಕೊಡುತ್ತಿರಲಿಲ್ಲ.